ಕೂಪನ್ನಿನಲ್ಲಿ ಬಂದ ಮಿಕ್ಸಿ

ಕೂಪನ್ ಅಚ್ಚು ಹಾಕಿಸುವವರಿಗೆ ಮಕ್ಕಳುಮರಿ ಇರುವುದಿಲ್ಲ ಎಂಬುದು ಹೊಂಗನೂರಿನ ಭಾನುಪ್ರಿಯಳ ಖಚಿತ ಅಭಿಪ್ರಾಯ. ಇದ್ದಿದ್ದರೆ 'ಮಿಕ್ಸಿ ಉಚಿತ' ಎಂಬುದನ್ನು ಕುಂಬಳಕಾಯಿ ಗಾತ್ರದಲ್ಲೂ 'ಷರತ್ತುಗಳು ಅನ್ವಯ' ಎಂಬುದನ್ನು ಸಾಸಿವೆ ಗಾತ್ರದಲ್ಲೂ ಹಾಕುತ್ತಿದ್ದರೇ? ಒಂದು ಕೈಯಲ್ಲಿ ಮಗುವಿನ ಮೂಗು ಒರೆಸುತ್ತ, ಇನ್ನೊಂದರಲ್ಲಿ ಮುದ್ದೆ ತೊಳಸುತ್ತ (ಅದೇ ಕೈಯಲ್ಲ, ಗಾಬರಿಯಾಗಬೇಡಿ) ಸಾಸಿವೆ ಓದುವುದು ಯಾವ ತಾಯಿಯಿಂದ ಸಾಧ್ಯ ಹೇಳಿ!

ಆದರೂ ಈ ಕೂಪನ್ ಬಿಡುವಂತಿರಲಿಲ್ಲ. ಮನೆಯ ಮಿಕ್ಸಿ ಹೊಗೆ ಕಾರಿ ಕೈಲಾಸವಾಸಿಯಾಗಿತ್ತು. ಒಳಗೆ ರೇಷ್ಮೆಹುಳು ಹಗಲೂ ರಾತ್ರಿ ಸೊಪ್ಪು ಮುಕ್ಕುವ ಕಾಲ. ಸೊಪ್ಪು ಕುಯ್ಯುವ ಆಳುಗಳಿಗೆಲ್ಲ ಒರಳುಕಲ್ಲಿನಲ್ಲಿ ಖಾರ ಅರೆದು ಅರೆದು ಅವಳ ರಟ್ಟೆ ಬಿದ್ದುಹೋಗಿತ್ತು.

"ಗೂಡು ಮಾರುದ್ಮೇಲೆ ತಗಂಡ್ರಾಯ್ತು ಬುಡು. ನಮ್ಮವ್ವ ಇದ್ರಲ್ಲೇ ಅರ್ದು ನನ್ನ ಸಾಕ್ಲಿಲ್ವಾ?" ಎಂದ ಗಂಡ ಕೆಂಪರಾಜು.

"ಅದ್ಕೇ ನೀವು ಹಿಂಗಾಗಿರೋದು!" ಎಂದವಳೇ ಭಾನುಪ್ರಿಯ ಮಗಳು ಪುಟ್ಟಿಯನ್ನು ಕಂಕುಳಿಗೆ ಏರಿಸಿಕೊಂಡು ಚನ್ನಪಟ್ಟಣದ ಬಸ್ಸು ಹತ್ತಿದಳು. ಕೂಪನ್ನಿಗೆ ಅವತ್ತೇ ಕೊನೆಯ ದಿನ.

ಹೊಸ ಸೂಪರ್ ಮಾರ್ಕೆಟ್ಟಿನಲ್ಲಿ ತಳ್ಳುಗಾಡಿಯ ತುಂಬ ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ ಹೇರಿ, ಅದರ ಮೇಲೆ ಪುಟ್ಟಿಯನ್ನು ಪ್ರತಿಷ್ಠಾಪಿಸಿ, ಸಾಲಿನಲ್ಲಿ ನಿಂತು ಬೆವರಿ, ಕೊನೆಗೂ ಕೌಂಟರ್ ಮುಟ್ಟಿದಳು. ಅಲ್ಲಿದ್ದ ಹುಡುಗಿ ನಿಖಾತ್ ಕೂಪನ್ನನ್ನು ತಿರುಗಿಸಿ ನೋಡಿದಳು.

"ಅಕ್ಕಾ, ಇದು ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆಗೆ ನಡೆಯಲ್ಲ."

"ಮತ್ತಿನ್ಯಾತುಕ್ಕವ್ವಾ ನಡಿಯೋದು?"

"ಎರಡನೇ ಸಾಲಿನ ಕಪಾಟಲ್ಲಿರೋ ಐಟಂಗೆ ಮಾತ್ರ. ಸಾವಿರದೈನೂರು ರೂಪಾಯಿದು ತಗೋಬೇಕು."

"ಅಂದ್ರೆ ಅನ್ನ ಉಣ್ಣೋರ್ಗೆ ನಿಮ್ ಕೂಪನ್ನು ಇಲ್ಲ!"

"ನಾನು ಬರೆದಿದ್ದಲ್ಲ ಅಕ್ಕಾ. ನಮ್ಮಮ್ಮನೂ ನಿನ್ನೆ ಇದ್ನೇ ಹೇಳಿ ನಂಗೇ ಬೈದ್ರು."

ಎರಡನೇ ಸಾಲಿನಲ್ಲಿ ಇದ್ದದ್ದು ಫಿನಾಯ್ಲು, ಘಮಘಮ ಸೋಪಿನಪುಡಿ, ಊದುಬತ್ತಿ, ಸೊಳ್ಳೆಬತ್ತಿ, ಮಲ್ಲಿಗೆ ವಾಸನೆಯ ಸ್ಪ್ರೇ. ತಿನ್ನುವ ಪದಾರ್ಥ ಒಂದೂ ಇಲ್ಲ. ಭಾನುಪ್ರಿಯ ಹಿಂದೆಮುಂದೆ ನೋಡಲಿಲ್ಲ. ಅಕ್ಕಿಬೇಳೆ ಇಳಿಸಿದಳು, ಇವನ್ನೆಲ್ಲ ತುಂಬಿದಳು, ಬಿಲ್ಲಿನ ಸಾಲಿಗೆ ಮರಳಿದಳು. ಸಾಲು ಕರಗಿ ಇನ್ನೇನು ಅವಳ ಸರದಿ ಬಂತು ಎನ್ನುವಾಗ ಪುಟ್ಟಿ ಘೋಷಿಸಿದಳು: "ಅಮ್ಮಾ, ಉಚ್ಚೆ!"

ಹೋಗಿಬಂದು ಮತ್ತೆ ಸಾಲಿನ ಬಾಲ ಹಿಡಿದದ್ದಾಯಿತು. ಬೇಸರ ಕಳೆಯಲು ಪುಟ್ಟಿ ಸ್ಪ್ರೇ ಡಬ್ಬಿಯ ಮುಚ್ಚಳ ಕಿತ್ತು ಹೆತ್ತವಳಿಗೆ ಅಡಿಯಿಂದ ಮುಡಿಯವರೆಗೆ ಮಲ್ಲಿಗೆಯ ಅಭಿಷೇಕ ಮಾಡಿದಳು. ಆಗಲಿ! ಕೊನೆಗೆ ಬಿಲ್ಲಾಯಿತು, ಕೂಪನ್ 'ಟೀಂಯ್' ಎಂದಿತು, ಮೂರು ಜಾರಿನ ಹೊಚ್ಚಹೊಸ ಮಿಕ್ಸಿ ಭಾನುಪ್ರಿಯಳ ತೋಳಿಗೆ ಬಂತು. ಆ ಸಂತೋಷಕ್ಕೆ ಅವಳ ಕಣ್ಣಲ್ಲಿ ನೀರೇ ಬಂತು.

ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ ಮೂಗಿಗೆ ಸೆರಗು ಒತ್ತಿಕೊಂಡು, "ಯಾರ್ದವ್ವಾ ಮದ್ವೆ?" ಎಂದು ಕೇಳಿ ಹಿಂದಿನ ಸೀಟಿಗೆ ಎದ್ದುಹೋಯಿತು. ಭಾನುಪ್ರಿಯಳಿಗೆ ಅದೂ ಹೊಗಳಿಕೆಯಂತೆಯೇ ಕೇಳಿಸಿತು.

ಮನೆ ಮುಂದೆ ಜಗಲಿಯ ಮೇಲೆ ಅತ್ತೆ ಬೋರಮ್ಮ ಸೊಪ್ಪು ಹಸನು ಮಾಡುತ್ತಿದ್ದರು. ಸೊಸೆ ಇನ್ನೂ ಬೀದಿಯಲ್ಲಿರುವಾಗಲೇ ಅವರ ಮೂಗು ಅರಳಿತು.

"ನಿಂತ್ಕೊ ಅಲ್ಲೇ!"

"ಅತ್ತೆ, ಮಿಕ್ಸಿ! ಪುಕ್ಕಟೆ!"

"ಮಿಕ್ಸಿ ಮನೆ ಹಾಳಾಗ! ಏನಮ್ಮಿ ಇದು ಗಮಲು? ಒಳ್ಗಡೆ ಹುಳ ಐತೆ ಅನ್ನೋ ಗ್ಯಾನ ಬ್ಯಾಡ್ವಾ?"

ಭಾನುಪ್ರಿಯ ಬೀದಿಯಲ್ಲೇ ನಿಂತುಬಿಟ್ಟಳು. ಗಮಲು ತಾಗಿದರೆ ಸತ್ತೇಹೋಗುತ್ತವೆಂದು ಹುಳು ಇರುವ ಮನೆಯಲ್ಲಿ ದೇವರಿಗೇ ಊದುಬತ್ತಿ ಇಲ್ಲ. ಪೌಡರು ಮೆತ್ತಿಕೊಂಡು ಬಂದ ನೆಂಟರನ್ನು ಇದೇ ಹೊಸಲಿನಿಂದ ಹಿಂದಕ್ಕೆ ಕಳಿಸಿದ್ದವಳು ಅವಳೇ. ಈಗ ಊರ ಗಮಲನ್ನೆಲ್ಲ ಖುದ್ದಾಗಿ ಹೊತ್ತು ತಂದಿದ್ದಳು! ಸಾಲದೆಂಬಂತೆ ಬಸ್ಸಿನ ಕುಲುಕಾಟಕ್ಕೆ ಫಿನಾಯ್ಲು ಸೋರಿ ಮಿಕ್ಸಿಗೂ ಸ್ನಾನವಾಗಿತ್ತು.

ಬಾಗಿಲಲ್ಲಿ ಇಣುಕಿದ ಕೆಂಪರಾಜು, "ಇನ್ನೇನು ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು. ಅದೇನಾರ ಒಳೀಕ್ ಬಂದ್ರೆ ನಾವು ಗುಂಡಿ ತೋಡ್ಬೇಕಾಯ್ತದೆ, ಅಷ್ಟೇಯ," ಎಂದು ತಣ್ಣಗೆ ನುಡಿದ.

ಅಲ್ಲಿಗೆ ತೀರ್ಪಾಯಿತು. ಗೂಡು ಮಾರುವವರೆಗೆ ಅಲ್ಲೇ ಇರಲಿ ಎಂದು ಮಿಕ್ಸಿ ಸಮೇತ ಸಕಲ ಸರಂಜಾಮೂ ಪಕ್ಕದ ಮನೆಯ ತಿಮ್ಮಮ್ಮನ ಪಾಲಾಯಿತು. ಆಕೆ ಸಾಕುವುದು ಕುರಿ, ಅವಕ್ಕೆ ವಾಸನೆಯ ಬಾಧೆಯಿಲ್ಲ. ಭಾನುಪ್ರಿಯ ಹಿತ್ತಲಲ್ಲಿ ಸೀಗೆಪುಡಿ ಹಾಕಿ, ಅತ್ತೆ ಮೂಸಿ ಒಪ್ಪುವವರೆಗೆ ತಲೆಗೆ ನೀರು ಹುಯ್ದುಕೊಂಡಳು.

ಮಾರನೆಯ ಬೆಳಿಗ್ಗೆ ಒರಳಿನ ಮುಂದೆ ಕೂತು ರುಬ್ಬುತ್ತಿದ್ದಾಗ ಗೋಡೆಯ ಆಚೆ 'ಗುರ್ರ್' ಎಂದು ಸದ್ದಾಯಿತು. ತಿಮ್ಮಮ್ಮ ಗೋಡೆಯ ಮೇಲಿಂದ ತಲೆ ಹಾಕಿದಳು.

"ತಪ್ ತಿಳ್ಕಬ್ಯಾಡ ಕಣವ್ವ. ಎಲ್ಡು ಸಲ ತೊಳ್ದು ಇಕ್ಕಿವ್ನಿ. ಸುಮ್ಕೆ ಇಟ್ರೆ ಮೋಟ್ರು ಹಿಡ್ಕಂಬುಡ್ತದಂತೆ, ಅದ್ಕೇ ಒಸಿ ತಿರುಗಿಸ್ತಾ ಇವ್ನಿ. ನಿಂಗೋಸ್ಕರಾನೇ ಕಣವ್ವ!"

ಎಂದು, ಒಂದು ದೋಸೆ ಮತ್ತು ಚಟ್ನಿಯನ್ನು ಗೋಡೆಯ ಮೇಲಿಂದಲೇ ಪುಟ್ಟಿಯ ಕೈಗಿಟ್ಟಳು. ಪುಟ್ಟಿ ಬೆರಳು ಚೀಪುತ್ತ ಅಮ್ಮನ ಬಳಿ ಬಂದು, ಒರಳಿನೊಳಗೊಮ್ಮೆ ಇಣುಕಿ ನೋಡಿ, ಮೂಗು ಮುರಿದಳು.

"ಅಮ್ಮಾ, ತಿಮ್ಮಜ್ಜಿ ಚಟ್ನಿ ಎಷ್ಟ್ ನುಣ್ಗೈತೆ ಗೊತ್ತಾ! ನೀನ್ಯಾಕೆ ಅಂಗೆ ಅರೆಯಾಕಿಲ್ಲ?"