ಲಿಗೋರಿಯವರು ರೋಜಿಯನ್ನು ಸಾಕಿದ್ದು

"ಈ ಕೈಯಲ್ಲಿ ಇವತ್ತಿನವರೆಗೆ ಒಂದಾದರೂ ಗಿಡ ಸತ್ತದ್ದುಂಟಾ? ಉಂಟಾದ್ರೆ ಹೇಳಿ ನೋಡುವಾ!"

ಲಿಗೋರಿಯವರು ಎರಡೂ ಅಂಗೈಗಳನ್ನು ಮುಂದೆ ಚಾಚಿ, ತುಂಬಿದ ಸಭೆಗೆ ಸವಾಲು ಹಾಕುವವರಂತೆ ನಿಂತಿದ್ದರು. ಸಭೆ ಎಂದರೆ ಮೂರೇ ಜನ. ಹೆಂಡತಿ ಜೆಸ್ಸಿ, ಮಗ ಡಿಯೋನ್, ಆಮೇಲೆ ಡಿಯೋನ್ ಮದುವೆಯಾದರೆ ಇವಳನ್ನೇ ಎಂದು ಹಟ ಹಿಡಿದು ಕೂತಿರುವ ಹುಡುಗಿ ಲಿಡಿಯಾ. ಲಿಡಿಯಾಳ ಕೈಯಲ್ಲಿ ಚಾ ಕುಡಿಯುವ ಲೋಟದಷ್ಟೇ ಇರುವ ಒಂದು ಕುಂಡ. ಕುಂಡದಲ್ಲಿ ದಪ್ಪ ದಪ್ಪ ಎಲೆಗಳನ್ನು ಗುಲಾಬಿಯಂತೆ ಸುತ್ತಿಕೊಂಡು, ತುದಿಗಳಿಗೆ ಮಾತ್ರ ತುಸು ಕೆಂಪು ಬಳಿದುಕೊಂಡು ಕೂತಿದ್ದ ಒಂದು ತಿಳಿಹಸಿರು ಸಕ್ಯುಲೆಂಟ್. ಹೆಸರು ರೋಜಿ. ಹೌದು ಸ್ವಾಮಿ, ಗಿಡದ ಹೆಸರೇ ರೋಜಿ! ಈಗಿನ ಮಕ್ಕಳು ಗಿಡಕ್ಕೂ ನಾಮಕರಣ ಮಾಡುತ್ತಾರೆ.

ಲಿಡಿಯಾ ಫಿಸಿಯೋಥೆರಪಿಸ್ಟ್. ಟ್ರೈನಿಂಗಿಗೆಂದು ಕೊಚ್ಚಿಗೆ ಹೊರಟಿದ್ದಳು, ಬರುವುದು ಜುಲೈ ಕೊನೆಗೆ. ಅವಳ ಮನೆಯ ನಾಯಿಗೆ ಕುಂಡ ಕಂಡರೆ ಅಗೆಯುವ ಚಟ. ಹಾಗಾಗಿ ರೋಜಿ ಮಂಗಳೂರಿನ ಬೋಳಾರದ ಈ ಮನೆಗೆ ಬಂದಿದ್ದಳು.

"ಅಂಕಲ್, ಇದಕ್ಕೆ ನೀರು ಜಾಸ್ತಿ ಆಗ್ಲಿಕ್ಕಿಲ್ಲ. ಮಣ್ಣು ಪೂರ್ತಿ ಒಣಗಿದ ಮೇಲೆ ಎರಡು ಚಮಚ, ಅಷ್ಟೇ. ಮಳೆ ಶುರುವಾದ್ರೆ ಅದೂ ಬೇಡ."

"ಎರಡು ಚಮಚವಾ?" ಲಿಗೋರಿಯವರು ಕುಂಡದೊಳಗೆ ಬಗ್ಗಿ ನೋಡಿದರು. "ಅದೆಂತ ಮಗಾ, ಕೆಮ್ಮಿನ ಮದ್ದಾ?"

"ಪಪ್ಪಾ, ಅವಳು ಹೇಳಿದಷ್ಟೇ ಮಾಡಿ" ಎಂದ ಡಿಯೋನ್.

"ನೀನು ಸುಮ್ಮನಿರು. ನೀನು ಹುಟ್ಟುವ ಮೊದಲೇ ನನ್ನ ಮಲ್ಲಿಗೆ ಗಿಡ ಚರ್ಚಿನ ಆಲ್ತಾರಿಗೆ ಹೂ ಕೊಡ್ತಿತ್ತು!"

ಲಿಡಿಯಾ ಹೋದ ಮೇಲೆ ಜೆಸ್ಸಿ ಬಾಗಿಲು ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಂಡನ ಎದುರು ನಿಂತರು.

"ನೋಡಿ, ಅವಳು ಬರುವಾಗ ಅವಳ ಅಪ್ಪನೂ ಬರ್ತಾರೆ. ಡೆಸಾ ಮಾಸ್ಟ್ರು ಎಂಥವರು ಅಂತ ನಿಮಗೆ ಗೊತ್ತುಂಟು. ಮನೆ ನೋಡ್ತೇನೆ, ಮನೆಯವರನ್ನು ನೋಡ್ತೇನೆ, ಆಮೇಲೆ ಹೂಂ ಅನ್ಬೇಕಾ ಬೇಡ್ವಾ ಹೇಳ್ತೇನೆ ಅಂದಿದ್ದಾರೆ. ಒಂದು ಗಿಡ ನೋಡಿಕೊಳ್ಳಲಿಕ್ಕೆ ಆಗದವರ ಮನೆಗೆ ಅವರು ಮಗಳನ್ನು ಕೊಡ್ತಾರಾ?"

"ಗಿಡ ನೋಡಿಯೇ ಕೊಡ್ತಾರೆ ನೋಡ್ತಾ ಇರು. ಇದು ಲಿಗೋರಿಯ ಮಾತು!"

ಈ ಆತ್ಮವಿಶ್ವಾಸದ ಮೂಲ ಎಲ್ಲಿತ್ತೆಂದರೆ ಹಿತ್ತಿಲಿನ ಕಲ್ಲಿನ ಮೇಲೆ. ದಿನಾ ಬೆಳಿಗ್ಗೆ ಜೆಸ್ಸಿ ಅಲ್ಲಿ ಕೂತು ಮೀನು ಕ್ಲೀನು ಮಾಡುತ್ತಿದ್ದರು. ಬಂಗುಡೆಯಿರಲಿ, ಬೂತಾಯಿಯಿರಲಿ, ಅದನ್ನು ತೊಳೆದ ನೀರಿನ ಒಂದು ಹನಿಯೂ ಚರಂಡಿಗೆ ಹೋಗುವಂತಿರಲಿಲ್ಲ. ಲಿಗೋರಿಯವರು ಬಕೆಟ್ ಹಿಡಿದು ಕಾದು ನಿಂತಿರುತ್ತಿದ್ದರು. ಆ ನೀರು ಮೊದಲು ಮಲ್ಲಿಗೆಗೆ, ಆಮೇಲೆ ಬಸಳೆಗೆ, ಉಳಿದದ್ದು ಬಿಂಬುಳಿ ಮರಕ್ಕೆ. ಅವರ ಬಸಳೆ ಚಪ್ಪರ ದಾಟಿ ಪಕ್ಕದ ಮನೆಯ ಡಿಶ್ ಆಂಟೆನಾವನ್ನು ತಬ್ಬಿಕೊಂಡಿತ್ತು. ಇಂಥ ಅಮೃತ ಮನೆಯಲ್ಲೇ ಇರುವಾಗ, ಭಾವೀ ಸೊಸೆಯ ಗಿಡವನ್ನು ಉಪವಾಸ ಕೆಡವುವುದೇ? ಲಿಗೋರಿಯವರು ಅಷ್ಟು ಕಟುಕರಲ್ಲ.

ಮರುದಿನವೇ ರೋಜಿಗೆ ಬಂಗುಡೆ ನೀರಿನ ಸಮಾರಾಧನೆಯಾಯಿತು. ಅದರ ಮರುದಿನ ಬೂತಾಯಿ. ಶುಕ್ರವಾರ ಸಿಗಡಿ, ಸಿಪ್ಪೆ ಸಮೇತ!

"ಜೆಸ್ಸೀ, ಬಾ ಇಲ್ಲಿ! ನೋಡು, ಹೇಗೆ ಮೈಕೈ ತುಂಬಿಕೊಂಡಿದ್ದಾಳೆ! ಬರುವಾಗ ಸೊರಗಿ ಕಡ್ಡಿಯಾಗಿದ್ದಳು ಪಾಪ."

"ಅದು ಸರಿ, ಈ ಹಾಲ್ ಇಡೀ ಎಂತ ವಾಸನೆ ಇದು? ಮತ್ತೆ ಈ ಬೆಕ್ಕುಗಳೆಲ್ಲ ಯಾಕೆ ಬಂದದ್ದು?"

ನಿಜವೇ. ಬೋಳಾರದ ಸಮಸ್ತ ಬೆಕ್ಕುಗಳು ಕಿಟಕಿಯ ದಂಡೆಯಲ್ಲಿ ರೋಜಿಯ ಸುತ್ತ ಕೂತು, ವಾರ್ಡ್ ಮೀಟಿಂಗ್ ನಡೆಸುವವರಂತೆ ಗಂಭೀರವಾಗಿ ಕುಂಡವನ್ನೇ ನೋಡುತ್ತಿದ್ದವು. ಲಿಗೋರಿಯವರು ಅದನ್ನೂ ತಮ್ಮ ಸಾಧನೆಯ ಲೆಕ್ಕಕ್ಕೇ ಸೇರಿಸಿಕೊಂಡರು.

ಮಳೆ ಹಿಡಿಯಿತು. ಮಂಗಳೂರಿನ ಮಳೆ ಹಿಡಿದರೆ ಗೊತ್ತಲ್ಲ, ಬೆಲ್ಟಿಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಗೋಡೆಯ ಮೇಲಿನ ಅಜ್ಜನ ಫೋಟೋಕ್ಕೂ ಗಡ್ಡ ಬಂದಂತೆ ಬೂಷ್ಟು! ಅಂಥ ಒಂದು ಬೆಳಿಗ್ಗೆ ಲಿಗೋರಿಯವರು ಪ್ರೀತಿಯಿಂದ ರೋಜಿಯ ಒಂದು ಎಲೆಯನ್ನು ಸವರಿದರು. ಎಲೆ ಅವರ ಕೈಗೇ ಬಂತು. ಗಾಬರಿಯಿಂದ ಇನ್ನೊಂದನ್ನು ಮುಟ್ಟಿದರು. ಅದೂ ಬಂತು! ಬುಡವೆಲ್ಲ ಬೇಯಿಸಿದ ಬಸಳೆಯ ಹಾಗೆ ಲೊಳಲೊಳ.

"ಜೇಜು! ಜೆಸ್ಸೀ!"

ಜೆಸ್ಸಿ ಬಂದು ನೋಡಿದರು. ಕುಂಡವನ್ನು ಮೂಸಿದರು. ಗಂಡನ ಮುಖ ನೋಡಿದರು.

"ಮೀನಿನ ನೀರು ಹಾಕಿದ್ರಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ?"

"ಬಕೆಟಿನಲ್ಲಿ ಸ್ವಲ್ಪ ಅಂದ್ರೆ ಎಷ್ಟಾಗ್ತದೆ, ಅಷ್ಟು."

"ನಿಮಗೆ ತಲೆ ಸರಿ ಉಂಟಾ ಮಾರಾಯ್ರೆ? ಇನ್ನು ಡೆಸಾ ಮಾಸ್ಟ್ರಿಗೆ ಎಂತ ತೋರಿಸುವುದು? ಬೆಕ್ಕುಗಳನ್ನಾ?"

ಅಂದಿನಿಂದ ಲಿಗೋರಿಯವರ ನಿದ್ದೆ ಹಾರಿತು. ಒಂದೇ ಮಗ, ಒಂದೇ ಹಟ, ಒಂದೇ ಹುಡುಗಿ. ಅದು ಈ ಅಂಗೈಯಗಲದ ಗಿಡದಿಂದ ಕೈತಪ್ಪಿದರೆ ಡಿಯೋನಿಗೆ ಮುಖ ತೋರಿಸುವುದು ಹೇಗೆ? ಹೆಂಡತಿಯ ಹೇರ್ ಡ್ರೈಯರ್ ತಂದು ರೋಜಿಗೆ ಗಾಳಿ ಹಾಕಿದರು. ಇನ್ನೂ ಎರಡು ಎಲೆ ಹಾರಿಹೋದವು. ಮಳೆಗೆ ನೆನೆದ ಮೊಬೈಲನ್ನು ಹಿಂದೊಮ್ಮೆ ಅಕ್ಕಿಯಲ್ಲಿ ಹೂತು ಬದುಕಿಸಿದ್ದು ನೆನಪಾಗಿ, ರೋಜಿಯನ್ನೂ ಅಕ್ಕಿ ಡಬ್ಬಿಯಲ್ಲಿ ಹೂತರು. ಆ ದಿನ ಮಧ್ಯಾಹ್ನ ಅನ್ನಕ್ಕೆ ಮೀನಿನ ವಾಸನೆ ತಾನಾಗಿಯೇ ಬಂದಿತ್ತು, ಸಾರು ಬೇಕಾಗಲೇ ಇಲ್ಲ.

ಕೊನೆಗೆ ಯೂಟ್ಯೂಬಿನಲ್ಲಿ ಒಂದು ದಾರಿ ಸಿಕ್ಕಿತು. ಕೊಳೆತ ಬುಡವನ್ನು ಕತ್ತರಿಸಿ ಬಿಸಾಡಬೇಕು. ಮೇಲಿನ ಹೂವಿನಂಥ ತಲೆಯನ್ನು ಮಾತ್ರ ಒಂದು ವಾರ ಒಣಗಿದ ಜಾಗದಲ್ಲಿ ಇಡಬೇಕು. ಆಮೇಲೆ ಹೊಸ ಮಣ್ಣಿನ ಮೇಲೆ ಕೂರಿಸಿದರೆ ತಾನೇ ಬೇರು ಬಿಡುತ್ತದೆ. ಲಿಗೋರಿಯವರು ಶಿಲುಬೆಯ ಗುರುತು ಮಾಡಿ ಆಪರೇಷನ್ ಮುಗಿಸಿದರು. ತಲೆ ಉಳಿಯಿತು. ಆದರೆ ಜುಲೈ ತಿಂಗಳಲ್ಲಿ, ಮಂಗಳೂರಿನಲ್ಲಿ, ಒಣಗಿದ ಜಾಗ? ಯೂಟ್ಯೂಬಿನವನಿಗೆ ಹೇಳುವುದಕ್ಕೇನು!

ಆಗ ನೆನಪಾದದ್ದು ಬೆನೆಡಿಕ್ಟ್. ಶಾಲೆಯಿಂದಲೂ ಜೊತೆಗಾರ, ಈಗ ಬೇಕರಿಯ ಮಾಲೀಕ. ಅವನ ಒವನ್ನಿನ ಮೇಲ್ಗಡೆ ಒಂದು ಶೆಲ್ಫ್ ಉಂಟು. ಇಡೀ ಊರು ಒದ್ದೆಯಾದರೂ ಆ ಶೆಲ್ಫ್ ಒಂದು ಬೆಚ್ಚಗೆ, ಒಣಗಿ ಇರುತ್ತದೆ. ಮಳೆಗಾಲದಲ್ಲಿ ಬೇರೆಲ್ಲೂ ಗಟ್ಟಿಯಾಗದ ಐಸಿಂಗ್ ಹೂವುಗಳನ್ನು ಅವನು ಬೆಣ್ಣೆ ಕಾಗದದ ಮೇಲಿಟ್ಟು ಒಣಗಿಸುವುದೂ ಅಲ್ಲೇ.

"ಇದೆಂತ ಮಾರಾಯಾ, ಸಲಾಡಾ?" ಎಂದು ಬೆನೆಡಿಕ್ಟ್ ರೋಜಿಯನ್ನು ತಿರುಗಿಸಿ ನೋಡಿದ.

"ಸೊಸೆ!"

"ಆಂ?"

"ಸೊಸೆಯ ಗಿಡ ಮಾರಾಯಾ! ಒಂದು ವಾರ ಇಲ್ಲಿರ್ಲಿ. ಯಾರಿಗೂ ಹೇಳ್ಬೇಡ."

ಬೆನೆಡಿಕ್ಟ್ ಮಾತಿನ ಮನುಷ್ಯ. ಯಾರಿಗೂ ಹೇಳಲಿಲ್ಲ. ಬೇಕರಿಯಲ್ಲಿ ಕೇಕ್ ಅಲಂಕಾರ ಮಾಡುವ ನಜ್ಲಾಳಿಗೂ ಹೇಳಲಿಲ್ಲ!

ಶುಕ್ರವಾರ ಕೊಚ್ಚಿಯಿಂದ ಫೋನು ಬಂತು. ಟ್ರೈನಿಂಗ್ ಬೇಗ ಮುಗಿದಿದೆ, ಭಾನುವಾರ ಪೂಜೆ ಮುಗಿಸಿ ಡ್ಯಾಡಿಯ ಜೊತೆ ಬರುತ್ತೇನೆ ಎಂದಳು ಲಿಡಿಯಾ. ಜೆಸ್ಸಿ ಕೋಳಿ ಸುಕ್ಕಕ್ಕೆ ಮಸಾಲೆ ಹುರಿದರು, ಹಳೇ ಪರಿಚಯವೆಂದು ಬೆನೆಡಿಕ್ಟನ ಬೇಕರಿಗೇ ಕೇಕ್ ಹೇಳಿದರು. ಲಿಗೋರಿಯವರದ್ದು ಬೇರೆಯೇ ಯೋಜನೆ. ಭಾನುವಾರ ಚರ್ಚಿನಿಂದ ಬರುವಾಗ ರೋಜಿಯ ತಲೆಯನ್ನು ತರುವುದು, ಕುಂಡದ ಹೊಸ ಮಣ್ಣಿನ ಮೇಲೆ ಒತ್ತಿ ಕೂರಿಸುವುದು. ಕೆಳಗೆ ಬೇರು ಉಂಟೋ ಇಲ್ಲವೋ ಎಂದು ಯಾವ ಮಾಸ್ಟ್ರು ಕಿತ್ತು ನೋಡುತ್ತಾರೆ?

ಆದರೆ ಮಾಸ್ಟ್ರುಗಳು ಹೇಳಿದ ಹೊತ್ತಿಗಿಂತ ಮೊದಲೇ ಬರುವವರು. ಲಿಗೋರಿಯವರು ಚರ್ಚಿನಿಂದ ಹೊರಡುವಷ್ಟರಲ್ಲೇ, ನೆಂಟರು ಮನೆಯಲ್ಲಿ ಕೂತಿದ್ದಾರೆಂದು ಜೆಸ್ಸಿಯ ಫೋನು ಬಂತು. ಬೇಕರಿ ಬಿಟ್ಟು ನೇರ ಮನೆಗೆ ಓಡಿದರು. ಹಾಲ್‌ನ ನಡುವಿನ ಕುರ್ಚಿಯಲ್ಲಿ ಡೆಸಾ ಮಾಸ್ಟ್ರು, ಇಸ್ತ್ರಿ ಮಾಡಿದ ಷರಟಿನಷ್ಟೇ ಬಿಗಿಯಾದ ಮುಖ ಹೊತ್ತು ಕೂತಿದ್ದರು. ಕೇಕ್ ತರಲು ಹೋಗಿದ್ದ ಡಿಯೋನ್ ಆಗಲೇ ಡಬ್ಬಿಯೊಂದಿಗೆ ಬಂದಾಗಿತ್ತು.

"ಅಂಕಲ್, ರೋಜಿ ಎಲ್ಲಿ?" ಲಿಡಿಯಾ ಕಿಟಕಿಯ ದಂಡೆಯತ್ತ ನೋಡಿದಳು.

"ಒಳಗೆ... ಸ್ವಲ್ಪ ರೆಸ್ಟ್ ಮಾಡ್ತಾ ಉಂಟು. ಈಗ ತರ್ತೇನೆ."

ಲಿಗೋರಿಯವರು ಅಡುಗೆಮನೆಗೆ ನುಗ್ಗಿ ಬೆನೆಡಿಕ್ಟನಿಗೆ ಫೋನು ಹಚ್ಚಿದರು. "ಕೂಡ್ಲೇ ಯಾರಲ್ಲಾದ್ರೂ ಅದನ್ನು ಹಿತ್ತಿಲ ಬಾಗಿಲಿಗೆ ಕಳಿಸು ಮಾರಾಯಾ!"

"ತಡಿ, ನೋಡ್ತೇನೆ... ಲಿಗೋರೀ, ಶೆಲ್ಫ್ ಖಾಲಿ ಉಂಟಲ್ಲ! ನಜ್ಲಾ, ಇಲ್ಲಿದ್ದ ಹಸಿರು ಎಂತ ಆಯ್ತು?... ಅಯ್ಯಯ್ಯೋ! ಒಣಗಿದ ಹೂವುಗಳನ್ನೆಲ್ಲ ನಿಮ್ಮ ಕೇಕಿಗೇ ಇಟ್ಟಳಂತೆ. ಆ ಹಸಿರು ಗುಲಾಬಿಯನ್ನು ನಾನೇ ಮಾಡಿದ್ದು ಅಂತ ಎಣಿಸಿ ನಡುವೆಯೇ ಕೂರಿಸಿದ್ದಾಳೆ. ಸರ್ ಮಾಡಿದ್ದರಲ್ಲಿ ಇದೊಂದೇ ನಿಜವಾದ ಹೂವಿನ ಹಾಗೆ ಉಂಟು ಅಂತ ಹೇಳ್ತಾಳೆ!"

ಅದೇ ಹೊತ್ತಿಗೆ ಹಾಲ್‌ನಿಂದ ಡಬ್ಬಿ ತೆರೆದ ಸದ್ದು ಕೇಳಿಸಿತು. ಲಿಗೋರಿಯವರು ಫೋನು ಕೈಯಲ್ಲೇ ಹಿಡಿದು ಓಡಿಬಂದರು. ಬಿಳಿ ಕೇಕಿನ ನಟ್ಟನಡುವೆ, ಐಸಿಂಗಿನ ಗುಲಾಬಿಗಳನ್ನು ಸುತ್ತ ಕೂರಿಸಿಕೊಂಡು, ತಲೆಗೆ ಸಕ್ಕರೆ ಪುಡಿ ಬಳಿದುಕೊಂಡು ರೋಜಿ ರಾಣಿಯಂತೆ ಕೂತಿದ್ದಳು! ಲಿಡಿಯಾಳ ಕಣ್ಣು ಕೇಕಿನ ಮೇಲೇ ಇತ್ತು. ಅವಳ ಬಾಯಿ ತೆರೆಯಿತು. ಮುಗಿಯಿತು! ಈಗ ಕಿರುಚುತ್ತಾಳೆ, ಮಾಸ್ಟ್ರು ಎದ್ದು ಹೊರಡುತ್ತಾರೆ, ಡಿಯೋನ್ ಜೀವಮಾನವಿಡೀ ಅಪ್ಪನನ್ನು ಮಾತಾಡಿಸುವುದಿಲ್ಲ.

ಮಾಸ್ಟ್ರು ಚಾಕು ಎತ್ತಿದರು. "ನಡುವಿನ ಹೂವು ನನ್ನ ಮಗಳಿಗೆ."

"ಆ ಹೂವು ನನಗೆ!"

ಲಿಗೋರಿಯವರ ಕೂಗಿಗೆ ಕಿಟಕಿಯ ಬೆಕ್ಕುಗಳೂ ಎದ್ದು ನಿಂತವು.

"ನಿಮಗೆ ಶುಗರ್ ಉಂಟಲ್ಲ!" ಎಂದರು ಜೆಸ್ಸಿ.

"ಇವತ್ತು ಇಲ್ಲ!"

ಯಾರೂ ತಡೆಯುವ ಮೊದಲೇ ಲಿಗೋರಿಯವರು ರೋಜಿಯನ್ನು ಕಿತ್ತು ಇಡಿಯಾಗಿ ಬಾಯಿಗೆ ತುರುಕಿದರು. ಮೊದಲು ಸಕ್ಕರೆ. ಆಮೇಲೆ ಹಸಿ ಸೌತೆಕಾಯಿಗೆ ಯಾರೋ ಒಗರು ಸವರಿದ ರುಚಿ. ಎಲ್ಲದರ ಹಿಂದೆ, ಬಹಳ ದೂರದಿಂದ, ಬಂಗುಡೆ! ಕರುಂ ಕುರುಂ ಸದ್ದು ಇಡೀ ಹಾಲ್‌ಗೆ ಕೇಳಿಸುತ್ತಿತ್ತು. ಕಣ್ಣಲ್ಲಿ ನೀರು ಬಂದರೂ ಅವರು ನಗುತ್ತಲೇ ಅಗಿದರು, ನಗುತ್ತಲೇ ನುಂಗಿದರು.

"ಐಸಿಂಗ್ ಇಷ್ಟು ಗಟ್ಟಿ ಇರ್ತದಾ?" ಮಾಸ್ಟ್ರು ಕನ್ನಡಕ ಸರಿಮಾಡಿಕೊಂಡರು.

"ಒಳ್ಳೇ... ಒಳ್ಳೇ ಬೇಕರಿ" ಎಂದರು ಲಿಗೋರಿಯವರು.

ಲಿಡಿಯಾ ಇನ್ನೂ ಬಾಯಿ ಮುಚ್ಚಿರಲಿಲ್ಲ. "ಅಂಕಲ್... ಅದು ರೋಜಿ ಅಲ್ವಾ?"

ಇನ್ನು ಮುಚ್ಚಿಡುವುದೆಂತು? ಲಿಗೋರಿಯವರು ಕುರ್ಚಿಯ ಮೇಲೆ ಕುಸಿದು ಎಲ್ಲವನ್ನೂ ಒಪ್ಪಿಸಿಬಿಟ್ಟರು. ಬಂಗುಡೆ, ಬೂತಾಯಿ, ಸಿಗಡಿ, ಹೇರ್ ಡ್ರೈಯರ್, ಅಕ್ಕಿ ಡಬ್ಬಿ, ಒವನ್ನು. ಒಂದನ್ನೂ ಬಿಡಲಿಲ್ಲ. "ನೀನು ಗುರುತು ಹಿಡಿದ್ರೆ ಬೇಜಾರು ಮಾಡ್ತಿ ಅಂತ ತಿಂದೆ ಮಗಾ. ಬೇರೆ ದಾರಿ ಇರ್ಲಿಲ್ಲ."

"ಅಯ್ಯೋ ಅಂಕಲ್, ಡಬ್ಬಿ ತೆರೆದ ಕೂಡ್ಲೇ ಗುರುತು ಹಿಡಿದಿದ್ದೆ! ನನಗೆ ಸರ್‌ಪ್ರೈಸ್ ಕೊಡ್ಲಿಕ್ಕೆ ನೀವೇ ಬೇಕಂತ ಕೇಕಿನ ಮೇಲೆ ಇಡಿಸಿದ್ದು ಅಂತ ಎಣಿಸಿದೆ. ಎಷ್ಟು ಚಂದದ ಐಡಿಯಾ ನೋಡಿ ಡ್ಯಾಡಿ, ಅಂಕಲ್ ನನ್ನ ಗಿಡ ಎಷ್ಟು ಫ್ರೆಶ್ ಇಟ್ಟಿದ್ದಾರೆ ನೋಡಿ ಅಂತ ಹೇಳ್ಲಿಕ್ಕೆ ಬಾಯಿ ತೆರೆದದ್ದು. ತೊಳೆದು ಮಣ್ಣಲ್ಲಿಟ್ಟಿದ್ರೆ ಬೇರು ಬಿಡ್ತಿತ್ತು. ಅಷ್ಟರಲ್ಲಿ ನೀವು..."

ಲಿಗೋರಿಯವರಿಗೆ ತೇಗು ಬಂತು. ಡಿಯೋನ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಜೆಸ್ಸಿ ಒಂದು ಲೋಟ ನೀರು ತಂದು ಗಂಡನ ಮುಂದೆ ಕುಕ್ಕಿದರು. ಹಾಲ್‌ನಲ್ಲಿದ್ದವರೆಲ್ಲ ಡೆಸಾ ಮಾಸ್ಟ್ರ ಮುಖವನ್ನೇ ನೋಡತೊಡಗಿದರು.

ಮಾಸ್ಟ್ರು ಬಗ್ಗಿ ಕೇಕಿನ ನಡುವಿನ ಗುಂಡಿಯನ್ನು ನೋಡಿದರು. ಆಮೇಲೆ ಜೆಸ್ಸಿಯ ಕಡೆ ತಿರುಗಿದರು.

"ಮದುವೆ ಡಿಸೆಂಬರಿನಲ್ಲಿ ಇಟ್ಟುಕೊಳ್ಳುವಾ. ಹುಡುಗಿಗೆ ಬೇಜಾರಾಗಬಾರದು ಅಂತ ಇಷ್ಟು ಕಷ್ಟಪಡುವ ಮಾವ ಬೇರೆಲ್ಲಿ ಸಿಗ್ತಾರೆ? ಆದರೆ ಒಂದು ವಿಷಯ ಈಗಲೇ ಹೇಳ್ತೇನೆ. ಮದುವೆ ದಿನ ನನ್ನ ಮಗಳ ತಲೆ ತುಂಬ ಹೂವು ಇರ್ತದೆ. ಲಿಗೋರಿಯವರನ್ನು ಸ್ವಲ್ಪ ದೂರ ಕೂರಿಸಿ!"