ಗುಡುಗುವೀರನನ್ನು ಕೆಡಿಸಿದವರು

ಓದಲು ಬರುವವರಲ್ಲಿ ಎರಡು ಬಗೆ. ಕಾಗದದಲ್ಲಿ ಇದ್ದದ್ದನ್ನು ಓದುವವರು ಒಂದು ಬಗೆ. ಕಾಗದ ಮುಂದಿಟ್ಟುಕೊಂಡು ತಮಗೆ ಬೇಕಾದದ್ದನ್ನು ಓದುವವರು ಇನ್ನೊಂದು ಬಗೆ. ನಾನು ಎರಡನೆಯ ಬಗೆಯವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಿಂಧನೂರಿನ ನಮ್ಮ ಓಣಿಯಲ್ಲಿ ಈಗ ಎಲ್ಲರಿಗೂ ಗೊತ್ತಾಗಿದೆ, ನಿಮಗೊಬ್ಬರಿಗೆ ಮುಚ್ಚಿಟ್ಟು ನನಗೇನು ಆಗಬೇಕಾಗಿದೆ?

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ತವರೂರು ಮುದಗಲ್ಲಿನಲ್ಲಿ ಮಠದ ಅಯ್ಯನವರು ನನ್ನ ಅಣ್ಣನಿಗೆ ಉಸುಕಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದಾಗ ನಾನು ಕಾಳು ಹಸನು ಮಾಡುತ್ತ ಪಕ್ಕದಲ್ಲಿ ಕೂತಿರುತ್ತಿದ್ದೆ. ಅಣ್ಣ ಪೆಟ್ಟು ತಿಂದು ಮರೆತ, ನಾನು ಪೆಟ್ಟಿಲ್ಲದೆ ಕಲಿತೆ. ಕಲಿತೆ ಎಂದರೂ ಅಷ್ಟಕ್ಕಷ್ಟೆ. ಸಣ್ಣ ಪದ ಬಂದರೆ ನಡೆಯುತ್ತೇನೆ, ಒತ್ತಕ್ಷರ ಬಂದರೆ ಕುಂಟುತ್ತೇನೆ, ಒಂದೇ ಪದದಲ್ಲಿ ಎರಡು ಒತ್ತಕ್ಷರ ಬಂದರೆ ದಾರಿ ಬಿಟ್ಟು ಹೊಲಕ್ಕೆ ಇಳಿದುಬಿಡುತ್ತೇನೆ. ಆದರೂ ಮನೆಯಲ್ಲಿ ಕನ್ನಡ ಓದುವವಳು ನಾನೊಬ್ಬಳೇ ಆಗಿದ್ದೆ. ನಮ್ಮ ಯಜಮಾನರು ನಿಜಾಮರ ಕಾಲದಲ್ಲಿ ಕಲಿತವರು, ಅವರಿಗೆ ಉರ್ದು ಬಿಟ್ಟರೆ ಬೇರೆ ಬರಹ ಇಲ್ಲ. ಮಗ ಮಹಾಂತೇಶನೂ ಹಾಗೆಯೇ. ಬಾಯಲ್ಲಿ ಕನ್ನಡ, ಕೈಯಲ್ಲಿ ಉರ್ದು. ಅವನು ಕಚೇರಿಯಲ್ಲಿ ಗುಮಾಸ್ತ. ರಜಾಕಾರರ ಗದ್ದಲ ಅಡಗಿ ಸರ್ಕಾರ ಬದಲಾದ ಮೇಲೆ, ಇನ್ನು ಮುಂದೆ ಕನ್ನಡವೂ ಬೇಕಾಗುತ್ತದೆ ಎಂದು ಯಾರೋ ಅವನ ಕಿವಿಗೆ ಹಾಕಿದರು. ಅಕ್ಷರ ರೂಢಿಯಾಗಲಿ ಎಂದು ಹುಬ್ಬಳ್ಳಿ ಕಡೆಯ ಒಂದು ವಾರಪತ್ರಿಕೆ ತರಿಸತೊಡಗಿದ. ಎರಡು ವಾರ ಬೆರಳಿಟ್ಟು ಓದಿದ. ಮೂರನೆಯ ವಾರ, "ಯವ್ವಾ, ಇದರಾಗ ಒಂದು ಅಕ್ಷರಕ್ಕ ಇನ್ನೊಂದು ಜೋತು ಬಿದ್ದಿರ್ತಾವ, ನನ್ನ ಕೈಲೆ ಆಗಂಗಿಲ್ಲ" ಎಂದು ನನ್ನ ಮುಂದೆ ಒಗೆದ. ಒಗೆದದ್ದು ಬಿಚ್ಚಿಕೊಂಡು ಬಿತ್ತು. ಬಿಚ್ಚಿದ ಪುಟದಲ್ಲಿ ಗುಡುಗುವೀರ ನಿಂತಿದ್ದ.

ಗುಡುಗುವೀರ ಎಂದರೆ ಆ ಪತ್ರಿಕೆಯ ಚಿತ್ರಕಥೆಯ ಶೂರ. ವಾರಕ್ಕೆ ಎಂಟು ಚಿತ್ರ, ಚಿತ್ರದ ಕೆಳಗೆ ಒಂದೆರಡು ಸಾಲು. ಅವನು ಬಂಡೆ ಎತ್ತುತ್ತಾನೆ, ಹೊಳೆ ಜಿಗಿಯುತ್ತಾನೆ, ಬಂದೂಕಿನ ಗುಂಡು ಅವನಿಗೆ ನೊಣ ಕೂತ ಹಾಗೆ. ಚಪ್ಪಾಳೆ ತಟ್ಟಿದರೆ ಗುಡುಗು ಬರುತ್ತದೆ. ಶುಕ್ರವಾರ ಮಧ್ಯಾಹ್ನ ಊಟದ ಪಾತ್ರೆ ತೊಳೆದ ಮೇಲೆ ನಾನು ಪಡಸಾಲೆಯಲ್ಲಿ ಮಣೆ ಹಾಕಿಕೊಂಡು ಕೂತು ಓದುತ್ತಿದ್ದೆ, ಓಣಿಯ ಹೆಂಗಸರು ಬತ್ತಿ ಹೊಸೆಯುತ್ತಲೋ ಅಕ್ಕಿ ಆರಿಸುತ್ತಲೋ ಕೇಳುತ್ತಿದ್ದರು. ಅವರ ಬಾಯಲ್ಲಿ ಅವನು ಗುಡುಗಪ್ಪ ಆದ. ಮೊದಲ ದಿನವೇ ಎದುರುಮನೆ ಕಾಶಿಂಬಿ ಚಿತ್ರ ನೋಡಿ, "ಅಕ್ಕಾ, ಇವ ಬೆನ್ನಿಗೆ ಕಂಬಳಿ ಯಾಕ ಕಟಗೊಂಡಾನ? ನಮ್ಮ ಬಿಸಲಾಗ ಸೆಕಿ ಆಗಂಗಿಲ್ಲೇನು?" ಎಂದಳು. ನನಗೂ ಗೊತ್ತಿರಲಿಲ್ಲ. ಪಕ್ಕದ ಮನೆ ಹಂಪಮ್ಮ, "ಊರೂರು ತಿರಗವಗ ಹಾಸಿಗಿ ಯಾರ ಕೊಡ್ತಾರ? ಹೊತಗೊಂಡ ಹೊಂಟಾನ" ಎಂದು ತೀರ್ಮಾನ ಕೊಟ್ಟಳು. ಅಲ್ಲಿಗೆ ಅದು ಮುಗಿಯಿತು.

ಈ ಕಥೆಯನ್ನು ಬರೆಯುವವರು ಆ ವರ್ಷಗಳಲ್ಲಿ ಮೂರು ಜನ ಬದಲಾದರು. ಮೊದಲನೆಯವನು ಕಡಿಮೆ ಮಾತಿನವನು. ಹಿಡಿ, ಎತ್ತು, ಒಗೆ, ಮುಗಿಯಿತು. ಒತ್ತಕ್ಷರವೂ ಕಡಿಮೆ. ನನ್ನ ಮಟ್ಟಿಗೆ ಬರೆಯುವವನೆಂದರೆ ಅವನೇ. ಎರಡನೆಯವನು ಬಂದವನೇ ಗುಡುಗುವೀರನ ಮೀಸೆ ಬೋಳಿಸಿದ, ಕೈಗೊಂದು ಯಂತ್ರ ಕೊಟ್ಟ, ಕಳ್ಳನ ಹೆಜ್ಜೆಗುರುತು ಅಳೆಯುವ ಕೆಲಸಕ್ಕೆ ಹಚ್ಚಿದ. ಮೂರನೆಯವನು ಕೈಯಲ್ಲಿದ್ದ ಯಂತ್ರ ಕಸಿದುಕೊಂಡು ಕಣ್ಣೀರು ಕೊಟ್ಟ. ಮೂರನೆಯವನ ಗುಡುಗುವೀರ ಒಂದು ಕಲ್ಲಿನ ಮೇಲೆ ಕೂತರೆ ಮೂರು ವಾರ ಏಳುತ್ತಿರಲಿಲ್ಲ.

ಇವರು ಮೂವರೂ ಹುಬ್ಬಳ್ಳಿಯಲ್ಲಿ ಕೂತು ಬರೆದು ಕೈ ತೊಳೆದುಕೊಳ್ಳುತ್ತಿದ್ದರು, ಇಲ್ಲಿ ಉತ್ತರ ಕೊಡಬೇಕಾದವಳು ನಾನು. ಮೀಸೆ ಹೋದ ವಾರ ಹಂಪಮ್ಮ ನನ್ನನ್ನೇ ಕಳ್ಳಿಯಂತೆ ನೋಡಿ, "ಮೀಸಿ ಎಲ್ಲಿ ಹೋತು ಬಸಮ್ಮ?" ಎಂದಳು. ಪುಟದಲ್ಲಿ ಅದಕ್ಕೊಂದು ಮಾತಿಲ್ಲ. "ಅವರಪ್ಪ ತೀರಕೊಂಡಾನ, ಬೋಳಿಸ್ಯಾನ" ಎಂದೆ. ಎಲ್ಲರೂ ಲೊಚಗುಟ್ಟಿದರು. ಕಾಶಿಂಬಿ ಕಣ್ಣೊರೆಸಿಕೊಂಡಳು. ಇನ್ನೊಂದು ವಾರ, ದಢೇಸುಗೂರಿನ ಹತ್ತಿರ ಹೊಲ ಇರುವ ಹಂಪಮ್ಮ, "ಇಷ್ಟು ಬಲ ಇದ್ದವ ಸುಮ್ಮನ ಕಳ್ಳರ ಬೆನ್ನ ಹತ್ತತಾನ. ಇಲ್ಲಿ ಬಂದು ಸರ್ಕಾರದ ಕಾಲುವಿ ಅಗೀಲಿ, ಎಂದ ಮುಗೀತೈತೋ ಏನೋ" ಎಂದು ಗೊಣಗಿದಳು. ಹೆಣ್ಣುಮಗಳ ಆಸೆ, ಮುಂದಿನ ಶುಕ್ರವಾರ ಅಗೆಸಿದೆ. ಒಂದೇ ತೋಳಿನಲ್ಲಿ, ಮುಕ್ಕುಂದ ಊರಿನ ತನಕ.

ಹೀಗೆ ಸುಖವಾಗಿದ್ದಾಗ ಮಹಾಂತೇಶನ ಮದುವೆಯಾಯಿತು. ಸೊಸೆ ನೀಲಮ್ಮ ಲಿಂಗಸುಗೂರಿನವಳು. ಹುಡುಗಿ ಮೆತ್ತಗೆ ಮಾತಾಡುತ್ತಾಳೆ, ರೊಟ್ಟಿ ತೆಳ್ಳಗೆ ಬಡಿಯುತ್ತಾಳೆ ಎಂದು ಒಪ್ಪಿಕೊಂಡೆವು. ಗದಗಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಏಳನೇ ಇಯತ್ತೆಯವರೆಗೆ ಕನ್ನಡ ಶಾಲೆ ಕಲಿತಿದ್ದಾಳೆ ಎಂದು ಯಾರೋ ಹೇಳಿದ್ದರು. ಮೇಲೋಗರಕ್ಕೆ ಕರಿಬೇವು ಇದ್ದ ಹಾಗೆ, ಇರಲಿ ಬಿಡು ಎಂದುಕೊಂಡಿದ್ದೆ. ಆ ಮಾವನ ಮನೆಗೂ ಇದೇ ಪತ್ರಿಕೆ ಬರುತ್ತಿತ್ತು ಎಂಬುದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಸೊಸೆ ಬಂದ ಹೊಸದರಲ್ಲೇ ಮೂರನೆಯ ಬರಹಗಾರ ನನ್ನ ಮೇಲೆ ಸೇಡು ತೀರಿಸಿಕೊಂಡ. ಆ ವಾರದ ಚಿತ್ರದಲ್ಲಿ ಗುಡುಗುವೀರ ಒಬ್ಬ ಮುದುಕನ ಕಾಲು ಹಿಡಿದು ಅಳುತ್ತಿದ್ದ. ಕೆಳಗೆ ಓದಿದರೆ 'ಅಪ್ಪಾ!' ಎಂದಿದೆ. ಮೀಸೆ ಹೋದದ್ದಕ್ಕೆ ನಾನು ಸಾಯಿಸಿದ್ದ ಅಪ್ಪ. "ಇವ ಯಾರ ಬೇ?" ಎಂದಳು ಹಂಪಮ್ಮ. "ದೊಡ್ಡಪ್ಪ" ಎಂದೆ. ಮೂಲೆಯಲ್ಲಿ ಕೂತಿದ್ದ ನೀಲಮ್ಮ ಕೆಮ್ಮಿದಳು. ಅವಳಿಗೆ ಕೆಮ್ಮು ಇರಲಿಲ್ಲ.

ಮರುದಿನ ಅಡುಗೆಮನೆಯಲ್ಲಿ ಹಿಟ್ಟು ಕಲಸುತ್ತ, ತಲೆ ಎತ್ತದೆ, "ಅತ್ತಿ, ಗುಡುಗುವೀರ ಕಾಲುವಿ ಅಗದದ್ದು ಯಾವ ಸಂಚಿಕ್ಯಾಗ ಬಂದಿತ್ರಿ? ನಾ ಓದಿದ್ದ ನೆನಪಿಲ್ಲ" ಎಂದಳು.

"ನಿಮ್ಮ ಗದಗಿಗೆ ಆ ಸಂಚಿಕಿ ಬಂದಿರಲಿಕ್ಕಿಲ್ಲ" ಎಂದೆ.

 ಅಂದಿನಿಂದ ಒಲೆಯ ಮುಂದೆ ನಮ್ಮಿಬ್ಬರಿಗೂ ಇದೇ ಮಾತು. "ಮೊದಲನೇವ್ರು ಬರೇ ಹೊಡದಾಟ ಬರದ್ರು ಅತ್ತಿ. ಎರಡನೇವ್ರು ಅವಗ ತಲಿ ಕೊಟ್ರು" ಎನ್ನುವಳು. "ತಲಿ ಕೊಟ್ಟು ಮೀಸಿ ಕಸಗೊಂಡ್ರು" ಎನ್ನುವೆ. "ಮೂರನೇವ್ರು ಮನಸ್ಸು ಕೊಟ್ರು" ಎನ್ನುವಳು. "ಅದನ್ನ ಇಟಗೊಂಡು ಕಲ್ಲ ಮ್ಯಾಲ ಕುಂತಾನ" ಎನ್ನುವೆ. ಹೀಗೆ ಎರಡು ತಿಂಗಳು ನಡೆಯಿತು. ರೊಟ್ಟಿ ಸೀಯುತ್ತಿದ್ದವು. ಯಜಮಾನರು ಸೀದ ರೊಟ್ಟಿ ತಿನ್ನುತ್ತ, ಮನೆಯಲ್ಲಿ ಯಾರು ಸತ್ತರು ಯಾರು ಉಳಿದರು ಎಂದು ತಿಳಿಯದೆ ಚಟ್ನಿ ಕೇಳುತ್ತಿದ್ದರು.

ಒಂದು ಶುಕ್ರವಾರ ಓದು ಮುಗಿದ ಮೇಲೆ, ಎಲ್ಲರೂ ಕೂತಿರುವಾಗಲೇ ನಾನು ನನ್ನ ದೊಡ್ಡ ಆಯುಧ ತೆಗೆದೆ. "ಮೊದಲನೇವನಂಗ ಯಾರಿಗೆ ಬರಿಯಾಕ ಬರತೈತಿ? ಗುಡುಗಪ್ಪ ಮುದುಕಿ ಮನಿಗೆ ಬಂದು, ಚಪ್ಪಲಿ ಹೊರಗ ಬಿಟ್ಟು, ಆಕಿ ಕೈಯಾಗಿನ ಬೀಸುಕಲ್ಲು ಇಸಗೊಂಡು ಎರಡು ಸೇರು ಜೋಳ ಬೀಸಿಕೊಟ್ಟಿದ್ದು ಮರತೀರೇನು?" ಎಂದೆ. ಹೆಂಗಸರೆಲ್ಲ ಹೌದು ಹೌದು ಎಂದರು. ನೀಲಮ್ಮ ಮಾತ್ರ, "ಅದು ಬಂದಿಲ್ಲಲ್ರಿ ಅತ್ತಿ" ಎಂದಳು.

ನೋಡಿ, ಕಾಲುವೆ ನನ್ನದು, ಒಪ್ಪುತ್ತೇನೆ. ಅಪ್ಪನ ಸಾವೂ ನನ್ನದೇ. ಆದರೆ ಬೀಸುಕಲ್ಲು ಮೊದಲನೆಯವನದು, ಅದು ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಸಿಟ್ಟು ಬಂತು. "ಹಳೇ ಹಾಳಿ ಎಲ್ಲಾ ಮಸ್ಕ್ಯಾಗ ಅಕ್ಕನ ಮನ್ಯಾಗ ಅದಾವ. ಪಂಚಮಿಗೆ ನಿನ್ನ ತವರಿಗೆ ಕರಕೊಂಡು ಹೋಗುವಾಗ ಇಳದು ತೋರಸ್ತೀನಿ. ತೋರಸಲಿಲ್ಲ ಅಂದ್ರ ಇನ್ನ ಈ ಮಣಿ ಮ್ಯಾಲ ನಾ ಕುಂದ್ರಂಗಿಲ್ಲ, ನೀನ ಕುಂತು ಓದು" ಎಂದುಬಿಟ್ಟೆ. ಹಂಪಮ್ಮ, "ನಾವೆಲ್ಲಾ ಕೇಳೀವಿ" ಎಂದಳು. ನೆರೆಯವರು ಇಂಥ ಹೊತ್ತಿನಲ್ಲಿ ಮಾತ್ರ ಚೆನ್ನಾಗಿ ಕೇಳಿಸಿಕೊಳ್ಳುತ್ತಾರೆ. ಮಣೆ ಎಂದರೆ ಮರದ ತುಂಡು, ನಿಜ. ಆದರೆ ಐವತ್ತು ವರ್ಷ ಎಲ್ಲರ ಮಾತು ಕೇಳಿದವಳಿಗೆ ವಾರಕ್ಕೊಮ್ಮೆ ಹನ್ನೆರಡು ಹೆಂಗಸರು ಬಾಯಿ ಮುಚ್ಚಿ ಕೇಳುವುದೆಂದರೆ ಅದನ್ನು ಬಿಡಲು ಮನಸ್ಸು ಬರುತ್ತದೆಯೇ?

ಲಿಂಗಸುಗೂರಿನ ಮೋಟಾರು ಹತ್ತಿ ಮಸ್ಕಿಯಲ್ಲಿ ಇಳಿದೆವು. ನಾನು ಓದಿ ಮುಗಿಸಿದ ಪತ್ರಿಕೆಗಳನ್ನು ಅಕ್ಕ ಈರಮ್ಮನಿಗೆ ಕಳಿಸುತ್ತಿದ್ದೆ. ಅವಳಿಗೆ ಅಕ್ಷರ ಬರುವುದಿಲ್ಲ, ನನ್ನಿಂದ ಕೇಳಿದ್ದನ್ನು ಚಿತ್ರ ತೋರಿಸಿ ತನ್ನ ಓಣಿಗೆ ಹೇಳುತ್ತಿದ್ದಳು. ಹಾಳೆ ಎಲ್ಲಿ ಎಂದು ಕೇಳಿದರೆ, "ಹಾಳಿ ಎಲ್ಲೈತಲೇ ಬಸಿ? ಬುಟ್ಟಿ ಮಾಡೀನಿ" ಎಂದಳು. ಕಾಗದ ನೆನೆಸಿ, ಮೆಂತ್ಯದ ಜೊತೆ ಅರೆದು, ಬಿದಿರು ಬುಟ್ಟಿಗೆ ಮೆತ್ತಿ ಒಣಗಿಸುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಇದೆ. ಹಿಟ್ಟು ಸೋರುವುದಿಲ್ಲ, ಇರುವೆ ಮುತ್ತುವುದಿಲ್ಲ. ನನ್ನ ಮೂರು ಬರಹಗಾರರನ್ನೂ ಅಕ್ಕ ಒಂದೇ ಒರಳಿನಲ್ಲಿ ಅರೆದಿದ್ದಳು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಸಾಕ್ಷಿ ಇಲ್ಲದಿದ್ದರೆ ಸೋಲೂ ಇಲ್ಲವಲ್ಲ.

ಆದರೆ ಅಕ್ಕನಿಗೆ ಸುಮ್ಮನಿರಲು ಬರುವುದಿಲ್ಲ. "ಚಿತ್ರ ಚಂದ ಅದಾವಂತ ರೊಟ್ಟಿ ಬುಟ್ಟಿ ಮ್ಯಾಲ ಮಾತ್ರ ಇಡೀ ಹಾಳಿ ಹಚ್ಚೀನಿ ನೋಡು" ಎಂದು ರೊಟ್ಟಿ ಬುಟ್ಟಿಯನ್ನು ಸುರುವಿ ಬೋರಲು ಹಾಕಿದಳು. ಅಲ್ಲಿದ್ದಳು ನನ್ನ ಮುದುಕಿ, ಬೀಸುಕಲ್ಲಿನ ಮುಂದೆ. "ನೋಡು!" ಎಂದು ಕೂಗಿದೆ. ಕೂಗಿ, ಬೆರಳಿಟ್ಟು ಓದಿದೆ. 'ಮುದುಕಿ ಬೀಸುತ್ತಿದ್ದಳು. ಗುಡುಗುವೀರ ಬೆಟ್ಟ ದಾಟಿ ಹೋದ.' ಮುಂದಿನ ಚಿತ್ರದಲ್ಲಿ ಬೆಟ್ಟ, ಅದರಾಚೆ ಕಂಬಳಿಯ ತುದಿ. ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದೆ. ಮೂರು ಸಲವೂ ಅವನು ಬೆಟ್ಟ ದಾಟಿಯೇ ಹೋದ. ಇದನ್ನು ಓದಿಹೇಳಿದ ಶುಕ್ರವಾರ ಏನಾಗಿತ್ತೆಂದು ಆಮೇಲೆ ನೆನಪಾಯಿತು: ಮನೆಯಲ್ಲಿ ಆಗಿನ್ನೂ ಸೊಸೆ ಇಲ್ಲ, ಬೀಸುವವಳು ನಾನೊಬ್ಬಳೇ, ಬೆಳಗಿನಿಂದ ರಟ್ಟೆ ನೋಯುತ್ತಿತ್ತು. ಕೈಗೆ ಸಿಕ್ಕ ಬಲವಾದ ಗಂಡಸನ್ನು ಕೆಲಸಕ್ಕೆ ಹಚ್ಚಿದ್ದೆ, ಅಷ್ಟೆ. ನಾನು ಇಷ್ಟು ದಿನ ಮೊದಲನೆಯವನೆಂದು ಹೊಗಳಿದ್ದು ನನ್ನನ್ನೇ.

"ನಾ ಹೇಳುವಾಗ ಅವ ಬೀಸಿದ ಮ್ಯಾಲ ರೊಟ್ಟಿನೂ ಬಡದ" ಎಂದಳು ಅಕ್ಕ, ನನಗೆ ಸಮಾಧಾನವಾಗಲೆಂದು. ಲಿಂಗಸುಗೂರಿಗೆ ಹೋದರೆ ಬೀಗತಿ, "ನಿಮ್ಮ ಗುಡುಗಪ್ಪ ನಮ್ಮೂರ ಅಳಿಯ ಆಗ್ಯಾನಂತಲ್ರಿ? ಮಸ್ಕಿಯವರು ಹೇಳಿದ್ರು" ಎಂದರು. ನೀಲಮ್ಮ ನನ್ನ ತಟ್ಟೆಗೆ ಇನ್ನೊಂದು ಉಂಡೆ ಹಾಕಿದಳು. ಚುಚ್ಚಿ ಮಾತಾಡಿದ್ದರೆ ಜಗಳವಾದರೂ ಆಡಬಹುದಿತ್ತು.

ಪಂಚಮಿ ಮುಗಿಸಿ ಬಂದ ಮೇಲೆ ನಾನೇ ಮಣೆ ತೆಗೆದು ಅವಳ ಮುಂದೆ ಹಾಕಿದೆ. ಅವಳು ಒಂದೂ ಒತ್ತಕ್ಷರ ಬಿಡದೆ, ಇದ್ದದ್ದು ಇದ್ದ ಹಾಗೆ ಓದಿದಳು. ಗುಡುಗುವೀರ ಕಲ್ಲಿನ ಮೇಲೆ ಕೂತು, 'ನಾನು ಯಾರು? ಈ ಬಲ ನನಗೇಕೆ?' ಎಂದು ಕೇಳಿಕೊಳ್ಳುತ್ತಿದ್ದ. ಹಂಪಮ್ಮ ಬತ್ತಿ ಹೊಸೆಯುವುದು ನಿಲ್ಲಿಸಿ, "ಅಷ್ಟೂ ಗೊತ್ತಿಲ್ಲೇನು ಅವಗ? ಹೋದ ವಾರ ಛಲೋ ಇದ್ನಲ್ಲ!" ಎಂದಳು. ಎರಡನೆಯ ಶುಕ್ರವಾರ ಎಂಟು ಜನ ಬಂದರು, ಮೂರನೆಯ ಶುಕ್ರವಾರ ಐದು. ಹೋಗುವಾಗ ಹಂಪಮ್ಮ ನನ್ನ ಕಿವಿಯಲ್ಲಿ, "ಬಸಮ್ಮ, ಹುಡುಗಿಗೆ ಓದಾಕ ಬರಂಗಿಲ್ಲ ಬಿಡು" ಎಂದಳು. ನಾನು ಕೊಟ್ಟ ಮಾತು ಮೀರುವವಳಲ್ಲ ಎಂದು ಗಂಭೀರವಾಗಿ ಹೇಳಿದೆ. ಒಳಗೊಳಗೆ ಹಬ್ಬ ಮಾಡಿದೆ.

ನಾಲ್ಕನೆಯ ಶುಕ್ರವಾರ ನೀಲಮ್ಮ ಎರಡು ಸಾಲು ಓದಿ ನಿಲ್ಲಿಸಿದಳು. ಕಾಗದ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕಾಗದ ನೋಡಿದಳು. ಆಮೇಲೆ ಅವಳ ದನಿ ಬದಲಾಯಿತು. ಕಲ್ಲಿನ ಹತ್ತಿರ ಒಬ್ಬ ಸೋದರತ್ತೆ ಬಂದಳಂತೆ, ಕನ್ನಡಕ ಮೂಗಿನ ತುದಿಗೆ, ಸೆರಗು ಸೊಂಟಕ್ಕೆ. "ಯಾಕಲೇ, ದುಡಿಯೋ ಗಂಡಸು ಹಿಂಗ ಕುಂತು ಅಳತಿ? ಮೀಸಿ ಎಲ್ಲಿ ಒತ್ತಿ ಇಟ್ಟೀಯಲೇ? ಮೊದಲನೇವ ನಿನ್ನ ಹಿಂಗ ಬೆಳಸಿದ್ನೇನು? ಏಳು, ಎದ್ದು ಆ ಕಂಬಳಿ ಒಗಿ, ನಾರಾಕತ್ತೈತಿ!" ಕಾಶಿಂಬಿ ಕಂಬ ಹಿಡಿದುಕೊಂಡು ನಕ್ಕಳು. ಹಂಪಮ್ಮನ ಬತ್ತಿಯ ಬುಟ್ಟಿ ಉರುಳಿತು. ಎಲ್ಲರೂ ನನ್ನ ಕಡೆ ನೋಡಿ ನಗುತ್ತಿದ್ದರು; ಯಾಕೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಎಲ್ಲರೂ ಹೋದ ಮೇಲೆ, "ಆ ಹಾಳಿ ಇಲ್ಲಿ ತಾ" ಎಂದೆ. ಹೆದರದೆ ಕೊಟ್ಟಳು. ಬಾಗಿಲ ಬೆಳಕಿಗೆ ಹಿಡಿದು ಎಂಟು ಚಿತ್ರವನ್ನೂ ಹುಡುಕಿದೆ. ಕಲ್ಲು ಇತ್ತು, ಗುಡುಗುವೀರ ಇದ್ದ, ಸೋದರತ್ತೆ ಎಲ್ಲೂ ಇರಲಿಲ್ಲ. ಬೈಯಬೇಕೆಂದೇ ಬಾಯಿ ತೆರೆದೆ.

"ನೀಲಾ, ಮುಂದಿನ ವಾರನೂ ಆಕಿ ಬರ್ತಾಳೇನು?"

"ಬರ್ತಾಳ್ರಿ ಅತ್ತಿ. ಆದ್ರ ಮಾತು ಜರಾ ಕಡಿಮಿ ಮಾಡ್ತೀನಿ."

"ಕಡಿಮಿ ಯಾಕ ಮಾಡ್ತಿ?" ಎಂದೆ. "ಇನ್ನೂ ಆಕಿ ಏನೂ ಮಾತಾಡೇ ಇಲ್ಲ."