ಉಸ್ಸಪ್ಪ ಸೈಕಲ್ ಹತ್ತಿದ್ದು

ಎಲ್ಲಾ ಫಜೀತಿಗೂ ಮೂಲ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿದ್ದು. ಒಂದು ಬೆಳಿಗ್ಗೆ ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. ರಸ್ತೆ ತುಂಬ ಕೆಸರು. ಉಸ್ಸಪ್ಪ ಪ್ಯಾಂಟು ಹಾಳಾಗದಿರಲೆಂದು ತುದಿಗಳನ್ನು ಕಾಲುಚೀಲಕ್ಕೆ ಸಿಕ್ಕಿಸಿ ಆಫೀಸಿನವರೆಗೂ ಓಡಿದ. ಲಿಫ್ಟಿನ ಮುಂದೆ ಏದುಸಿರು ಬಿಡುತ್ತ ನಿಂತಿದ್ದಾಗ ಹೊಸ ಮ್ಯಾನೇಜರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕೆಂಪು ಮುಖ, ಬೆವರು, ಮೈಗಂಟಿದ ಅಂಗಿ, ಕಾಲುಚೀಲದೊಳಗಿನ ಪ್ಯಾಂಟು.

"ಸೈಕಲ್ಲಾ?" ಎಂದರು.

ಉಸ್ಸಪ್ಪನಿಗೆ ಮಾತಾಡುವಷ್ಟು ಉಸಿರಿರಲಿಲ್ಲ. ಸುಮ್ಮನೆ ತಲೆಯಾಡಿಸಿದ. ಅವನು ಮಾಡಿದ ಅಪರಾಧ ಇಷ್ಟೇ. ಬಾಯಿ ಬಿಟ್ಟು ಒಂದಕ್ಷರ ಸುಳ್ಳಾಡಲಿಲ್ಲ.

ಉಸ್ಸಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಜೀವವಿಮೆ ಕಂಪನಿಯ ಕ್ಲೇಮು ವಿಭಾಗದಲ್ಲಿ ಅವನು ಗುಮಾಸ್ತ. ಎರಡು ಬಸ್ಸು ಬದಲಾಯಿಸಿ, ಎರಡರಲ್ಲೂ ನಿಂತೇ ಬಂದು, ಕುರ್ಚಿಗೆ ಬೀಳುವಾಗ "ಉಸ್ಸಪ್ಪಾ" ಎನ್ನುತ್ತಿದ್ದ. ಸಹೋದ್ಯೋಗಿಗಳು ಅದನ್ನೇ ಹೆಸರು ಮಾಡಿಬಿಟ್ಟರು. ಈಗ ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಾಳೆ.

ಅವನಿಗೆ ಬದುಕಿನಲ್ಲಿದ್ದದ್ದು ಒಂದೇ ಆಸೆ. ಕಂಪನಿಯ ಒಂದು ಶಾಖೆ ಅವನ ಮನೆಯ ಎದುರು ರಸ್ತೆಯಲ್ಲೇ ಇತ್ತು. ಬಾಲ್ಕನಿಯಲ್ಲಿ ನಿಂತರೆ ಅದರ ಬೋರ್ಡು ಕಾಣುತ್ತಿತ್ತು. ಅಲ್ಲೊಂದು ಕುರ್ಚಿ ಖಾಲಿಯಾಗಿತ್ತು. ಆ ಕುರ್ಚಿ ಸಿಕ್ಕರೆ ಬಸ್ಸಿಲ್ಲ, ಕಂಡಕ್ಟರನ ಬೈಗುಳವಿಲ್ಲ, ಮಧ್ಯಾಹ್ನ ಮನೆಗೆ ಬಂದು ಬಿಸಿಬಿಸಿಯಾಗಿ ಉಂಡು ಅರೆಗಳಿಗೆ ಕಣ್ಣು ಮುಚ್ಚಬಹುದು. ಮಗಳು ನಿದ್ದೆ ಹೋಗುವ ಮುಂಚೆ ಅವಳ ಮುಖ ನೋಡಬಹುದು. ಆ ಕುರ್ಚಿಯನ್ನು ಯಾರಿಗೆ ಕೊಡುವುದೆಂಬುದು ಮ್ಯಾನೇಜರ ಕೈಯಲ್ಲಿತ್ತು. ಪೈಪೋಟಿಗಿದ್ದವನು ಪಕ್ಕದ ಮೇಜಿನ ಕ್ಯಾಷಿಯರು. ಎದ್ದು ನೀರು ಕುಡಿಯುವುದಕ್ಕೂ ಎರಡು ಸಲ ಯೋಚಿಸುವ ಮನುಷ್ಯ.

ಮ್ಯಾನೇಜರಿಗೋ ಆರೋಗ್ಯದ ಹುಚ್ಚು. ವಿಮೆ ಮಾಡಿಸಿದವರೆಲ್ಲ ಸೈಕಲ್ ತುಳಿದರೆ ಕ್ಲೇಮು ವಿಭಾಗವನ್ನೇ ಮುಚ್ಚಬಹುದು ಎಂದು ಅವರು ಹೇಳುತ್ತಿದ್ದರು. ಆ ತಲೆಯಾಡಿಸಿದ ದಿನದಿಂದ ಪ್ರತಿ ಮೀಟಿಂಗಿನಲ್ಲೂ ಉಸ್ಸಪ್ಪನ ಹೊಗಳಿಕೆ. "ಇವರ ಹೃದಯ ನೋಡಿ, ಇವರ ಶ್ವಾಸಕೋಶ ನೋಡಿ" ಎಂದು ಅಂಗಡಿಯ ಸಾಮಾನು ತೋರಿಸಿದಂತೆ ತೋರಿಸುತ್ತಿದ್ದರು. ಉಸ್ಸಪ್ಪನೂ ಬಸ್ಸಿಳಿದ ಕೂಡಲೇ ಪ್ಯಾಂಟನ್ನು ಕಾಲುಚೀಲಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋಗುವುದನ್ನು ರೂಢಿ ಮಾಡಿಕೊಂಡ. ಕುರ್ಚಿ ಇನ್ನೇನು ತನ್ನದೇ ಎಂದು ಅವನಿಗೆ ಖಾತ್ರಿಯಾಗಿತ್ತು.

ಒಂದು ಸಂಜೆ ಮ್ಯಾನೇಜರು ಅವನ ಬೆನ್ನು ತಟ್ಟಿ ಹೇಳಿದರು: "ನಾಳೆ ಬೆಳಿಗ್ಗೆ ಇಡೀ ಸ್ಟಾಫು ಗೇಟಿನ ಹತ್ರ ನಿಂತಿರುತ್ತೆ. ನೀವು ಸೈಕಲ್ ಮೇಲೆ ಬರೋದನ್ನ ಎಲ್ಲರೂ ಕಣ್ಣಾರೆ ನೋಡ್ಬೇಕು. ಆಮೇಲೆ ಅಲ್ಲೇ ವರ್ಗಾವಣೆ ಆದೇಶ ಓದ್ತೀನಿ."

ಉಸ್ಸಪ್ಪನ ಬಳಿ ಸೈಕಲ್ಲಿರಲಿಲ್ಲ. ಇದ್ದಿದ್ದರೂ ಅವನಿಗೆ ಹೊಡೆಯಲು ಬರುತ್ತಿರಲಿಲ್ಲ.

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು. "ತಳ್ಕೊಂಡು ಹೋಗೋಕೆ ಬರುತ್ತಲ್ವಾ?" ಎಂದಳು.

"ಅದು ಬರುತ್ತೆ."

"ಮತ್ತೆ? ಬೆಳಕು ಹರಿಯೋ ಮುಂಚೆ ಹೊರಡಿ. ಆಫೀಸಿನ ಮೂಲೆವರೆಗೂ ತಳ್ಕೊಂಡು ಹೋಗಿ. ಅಲ್ಲಿಂದ ಇಳಿಜಾರಂತೆ. ಹತ್ತಿ ಕೂತ್ಕೊಳ್ಳಿ, ಅದೇ ಹೋಗುತ್ತೆ. ಆ ಕುರ್ಚಿಗೋಸ್ಕರ ಅಷ್ಟೂ ಮಾಡಕ್ಕಾಗಲ್ವಾ ನಿಮಗೆ?"

ಮೇಲಿನ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರ ಹತ್ತಿರ ಒಂದು ಸೈಕಲ್ಲಿತ್ತು. ಕುದುರೆಯಷ್ಟು ಎತ್ತರ, ಎಮ್ಮೆಯಷ್ಟು ಭಾರ. ಮೇಷ್ಟ್ರು ಅದನ್ನು ಕೊಡುವಾಗ ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಗದ್ಗದಿತರಾದರು. "ಇವತ್ತಿಂದ ನಿಮ್ಮ ಹೊಟ್ಟೆ ಕರಗುತ್ತೆ ನೋಡಿ. ಬಿಪಿ ಇಳಿಯುತ್ತೆ. ರಾತ್ರಿ ಒಳ್ಳೆ ನಿದ್ದೆ. ನನಗೆ ಇಷ್ಟು ವಯಸ್ಸಾದ್ರೂ ಮಂಡಿ ನೋವು ಅಂದ್ರೆ ಏನೂಂತ ಗೊತ್ತಿಲ್ಲ."

ನಸುಕಿನಲ್ಲೇ ಉಸ್ಸಪ್ಪ ಸೈಕಲ್ ತಳ್ಳುತ್ತ ಹೊರಟ. ಬಸ್ಸು ಊರೆಲ್ಲ ಸುತ್ತಿ ಹೋಗುತ್ತಿತ್ತು, ಗಲ್ಲಿಗಳ ದಾರಿ ನೆಟ್ಟಗಿತ್ತು. ಎಷ್ಟೋ ವರ್ಷದಿಂದ ಇದೇ ಊರಿನಲ್ಲಿದ್ದರೂ ಈ ಗಲ್ಲಿಗಳನ್ನು ಅವನು ನೋಡಿಯೇ ಇರಲಿಲ್ಲ.

ಮೊದಲ ತಿರುವಿನಲ್ಲಿ ಬೇಕರಿಯವನು ಬಾಗಿಲು ತೆಗೆಯುತ್ತಿದ್ದ. "ಪಂಕ್ಚರಾ ಸಾರ್?" ಎಂದ.

"ಹೂಂ" ಎಂದ ಉಸ್ಸಪ್ಪ. ಅದು ಎರಡನೆಯ ಸುಳ್ಳು, ಮತ್ತು ಮೊದಲನೆಯದಕ್ಕಿಂತ ದುಬಾರಿಯಾದದ್ದು.

ಬಸ್ಸಿನಲ್ಲಿ ಪ್ರಾಣ ಹೋದರೂ ಪಕ್ಕದವರು ತಿರುಗಿ ನೋಡುವುದಿಲ್ಲ. ಸೈಕಲ್ ತಳ್ಳುವವನನ್ನು ಕಂಡರೆ ಮಾತ್ರ ಊರಿಗೆ ಊರೇ ನೆಂಟರಾಗಿಬಿಡುತ್ತದೆ. ಹಾಲಿನವಳು ಗಾಡಿ ನಿಲ್ಲಿಸಿ "ಅಯ್ಯೋ ಪಾಪ, ಪಂಕ್ಚರಾ?" ಎಂದಳು. ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಜ್ಜಿ "ಹಿಂದಿಂದೋ ಮುಂದಿಂದೋ?" ಎಂದು ಕೂಗಿ ವಿಚಾರಿಸಿದರು. ವಾಕಿಂಗ್ ಹೊರಟಿದ್ದ ಇಬ್ಬರು ನಿವೃತ್ತರು ಟ್ಯೂಬಿನ ಗುಣಮಟ್ಟದ ಬಗ್ಗೆ ಜಗಳ ಆಡುತ್ತ ಅವನ ಜೊತೆಯೇ ನಡೆದರು. ಬೇಕರಿಯವನಂತೂ ಅಂಗಡಿಯನ್ನು ತಮ್ಮನಿಗೆ ಬಿಟ್ಟು, ಏಪ್ರನ್ ಸಮೇತ ಹಿಂದೆಯೇ ಓಡಿಬಂದ. "ನನ್ನ ದೋಸ್ತಂದು ಪಂಕ್ಚರ್ ಶಾಪ್ ಇಲ್ಲೇ ಇದೆ ಸಾರ್. ನಿದ್ದೆಯಿಂದ ಎಬ್ಬಿಸ್ತೀನಿ, ಬನ್ನಿ."

"ಬೇಡಪ್ಪಾ, ಪರವಾಗಿಲ್ಲ."

"ಪರವಾಗಿಲ್ಲ ಅಂದ್ರೆ ಹೇಗೆ ಸಾರ್? ನೀವು ಹೀಗೆ ನಡ್ಕೊಂಡು ಹೋಗ್ತಿದ್ರೆ ನಮಗೆ ತಿಂದದ್ದು ಜೀರ್ಣ ಆಗುತ್ತಾ?"

ಪಂಕ್ಚರ್ ಶಾಪಿನವನು ಕಣ್ಣುಜ್ಜಿಕೊಳ್ಳುತ್ತ ಬಂದು ಟ್ಯೂಬು ಬಿಚ್ಚಿದ. ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಸುತ್ತ ತಿರುಗಿಸಿದ. ಒಂದು ಗುಳ್ಳೆಯೂ ಏಳಲಿಲ್ಲ. ಇನ್ನೊಂದು ಚಕ್ರದ್ದನ್ನೂ ಬಿಚ್ಚಿದ. ಅದರಲ್ಲೂ ಇಲ್ಲ. ಸುತ್ತ ನೆರೆದವರೆಲ್ಲ ತೊಟ್ಟಿಯನ್ನು ಬಿಟ್ಟು ಉಸ್ಸಪ್ಪನನ್ನು ನೋಡತೊಡಗಿದರು.

"ಟ್ಯೂಬಲ್ಲಿ ಏನೂ ಇಲ್ಲ ಸಾರ್," ಎಂದ ಪಂಕ್ಚರಿನವನು, ಡಾಕ್ಟರರ ಧಾಟಿಯಲ್ಲಿ. "ತೊಂದರೆ ಬೇರೆ ಎಲ್ಲೋ ಇದೆ."

ಉಸ್ಸಪ್ಪನಿಗೆ ಅಳು ಬರುವಂತಾಯಿತು. ಹೊತ್ತೇರುತ್ತಿತ್ತು. ಅವನು ಎಲ್ಲವನ್ನೂ ಹೇಳಿಬಿಟ್ಟ. ಕಾಲುಚೀಲ, ಮ್ಯಾನೇಜರು, ಕುರ್ಚಿ, ಮಗಳು. ಕೊನೆಗೆ, "ನನಗೆ ಸೈಕಲ್ ಬರಲ್ಲಪ್ಪಾ" ಎಂದ.

ಪಂಕ್ಚರಿನವನು ಎರಡೂ ಟ್ಯೂಬನ್ನು ಮತ್ತೆ ಚಕ್ರಕ್ಕೆ ಸೇರಿಸಿ ಗಾಳಿ ತುಂಬಿದ. ಆಮೇಲೆ ಬೇಕರಿಯವನು ಏಪ್ರನ್ನನ್ನು ಸೊಂಟಕ್ಕೆ ಬಿಗಿದು ಕಟ್ಟಿದ. "ಅಷ್ಟೇನಾ? ಹತ್ತಿ ಸಾರ್."

ಮುಂದೆ ನಡೆದದ್ದನ್ನು ಆ ಗಲ್ಲಿಯವರು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ಬೇಕರಿಯವನು ಸೀಟು ಹಿಡಿದ, ಪಂಕ್ಚರಿನವನು ಹ್ಯಾಂಡಲ್ ಹಿಡಿದ, ನಿವೃತ್ತರಿಬ್ಬರು ಸಲಹೆ ಹಿಡಿದರು. ಒಬ್ಬರು "ಮುಂದೆ ನೋಡಿ" ಎಂದರೆ ಇನ್ನೊಬ್ಬರು "ಪೆಡಲ್ ನೋಡಿ" ಎಂದರು. ಟೆರೇಸಿನ ಅಜ್ಜಿ "ಬೆನ್ನು ನೆಟ್ಟಗಿಡಪ್ಪಾ" ಎಂದು ಮೇಲಿನಿಂದ ಆದೇಶ ಹೊರಡಿಸಿದರು. ಪಂಕ್ಚರಿನವನದ್ದು ಒಂದೇ ಪಾಠ: "ಏನೇ ಆದ್ರೂ ಬ್ರೇಕ್ ಮಾತ್ರ ಮುಟ್ಬೇಡಿ ಸಾರ್, ಮುಟ್ಟಿದ್ರೆ ಮುಗ್ಗರಿಸ್ತೀರಿ."

ಮೊದಲ ಸಲ ಉಸ್ಸಪ್ಪ ಎಡಕ್ಕೆ ಬಿದ್ದ. ಎರಡನೆಯ ಸಲ ಬಲಕ್ಕೆ. ಮೂರನೆಯ ಸಲ ಹಾಸಿಗೆ ಹೊಲಿಯುವವನ ಅಂಗಡಿಯ ಮುಂದೆ ಪೇರಿಸಿಟ್ಟಿದ್ದ ಹೊಸ ಹಾಸಿಗೆಗಳ ಮೇಲೆ ಬಿದ್ದ. ಅಲ್ಲೇ ಮಲಗಿಬಿಡೋಣ ಎನ್ನಿಸಿತು. ಹಾಸಿಗೆಯವನು ಬೈಯಲು ಬಾಯಿ ತೆರೆದವನು, ವಿಷಯ ತಿಳಿದ ಮೇಲೆ ಸೀಟಿನ ಇನ್ನೊಂದು ಪಕ್ಕ ಹಿಡಿದ.

ನಾಲ್ಕನೆಯ ಸಲ ಹೊರಟಾಗ ಉಸ್ಸಪ್ಪ ಕಣ್ಣು ಮುಚ್ಚಿ ತುಳಿದ. ಗಾಳಿ ಮುಖಕ್ಕೆ ಬಡಿಯಿತು. "ಗಟ್ಟಿಯಾಗಿ ಹಿಡ್ಕೊಳ್ರಪ್ಪಾ" ಎಂದ. ಉತ್ತರ ಬರಲಿಲ್ಲ. ಕಣ್ಣು ತೆರೆದು ಓರೆಯಾಗಿ ನೋಡಿದರೆ ಗುರುಗಳೆಲ್ಲ ತುಂಬ ಹಿಂದೆ ಉಳಿದು ಕೈಬೀಸುತ್ತ ಓಡಿಬರುತ್ತಿದ್ದರು.

ಜೀವ ಬಾಯಿಗೆ ಬಂತು. ಆದರೆ ಸೈಕಲ್ ಬೀಳಲಿಲ್ಲ. ತುಳಿದಷ್ಟೂ ಅದು ನೆಟ್ಟಗೆ ನಿಂತಿತು, ನೆಟ್ಟಗೆ ನಿಂತಷ್ಟೂ ಅವನು ತುಳಿದ. ಗಲ್ಲಿ ಮುಗಿದು ದೊಡ್ಡ ರಸ್ತೆ ಬಂತು. ಅಲ್ಲಿ ಕಾರುಗಳು ಒಂದರ ಬೆನ್ನಿಗೆ ಒಂದು ಅಂಟಿಕೊಂಡು ನಿಂತಿದ್ದವು. ಉಸ್ಸಪ್ಪ ಫುಟ್‌ಪಾತಿನ ಅಂಚಿನಲ್ಲಿ ಸರ್ರನೆ ನುಗ್ಗಿದ. ಸಾಲಿನ ಮಧ್ಯೆ ಅವನದೇ ಬಸ್ಸು ಸಿಕ್ಕಿಹಾಕಿಕೊಂಡಿತ್ತು. ದಿನವೂ "ಒಳಗೆ ಹೋಗ್ರೀ, ಒಳಗೆ ಹೋಗ್ರೀ" ಎಂದು ಅವನ ಬೆನ್ನಿಗೆ ಟಿಕೆಟ್ ಮೆಷಿನ್ನಿನಿಂದ ತಿವಿಯುವ ಕಂಡಕ್ಟರು ಬಾಗಿಲಲ್ಲಿ ನಿಂತು ಬೆಪ್ಪಾಗಿ ನೋಡಿದ. ಉಸ್ಸಪ್ಪ ಟ್ರಿಣ್ ಟ್ರಿಣ್ ಎಂದು ಬೆಲ್ ಬಾರಿಸಿ ಅವನನ್ನು ದಾಟಿದ. ಮದುವೆಯಾದ ದಿನವೂ ಅವನಿಗೆ ಇಷ್ಟು ಸಂತೋಷವಾಗಿರಲಿಲ್ಲ. ಮೈಯಲ್ಲಿ ಇಪ್ಪತ್ತರ ಹುಡುಗನ ರಕ್ತ ಓಡುತ್ತಿತ್ತು. ಇಷ್ಟು ವರ್ಷ ಈ ಸುಖವನ್ನು ಬಿಟ್ಟು ಇನ್ನೊಬ್ಬರ ಕಂಕುಳಡಿ ನಿಂತು ಪ್ರಯಾಣ ಮಾಡಿದೆನಲ್ಲ ಎಂದು ತನ್ನ ಮೇಲೇ ಕೋಪ ಬಂತು.

ಆಫೀಸಿನ ಮೂಲೆ ಬಂತು. ಇಳಿಜಾರೂ ಬಂತು. ಸೈಕಲ್ ತಾನೇ ತಾನಾಗಿ ಓಡತೊಡಗಿತು. ನಿಲ್ಲಿಸುವುದು ಹೇಗೆಂದು ಯಾರೂ ಹೇಳಿಕೊಟ್ಟಿಲ್ಲ ಎಂಬುದು ಅವನಿಗೆ ಹೊಳೆದದ್ದು ಆಗಲೇ. ಬ್ರೇಕ್ ಕೈಗೆಟಕುವಲ್ಲೇ ಇತ್ತು. ಆದರೆ ಗುರುವಿನ ಮಾತು ಮೀರುವ ಧೈರ್ಯ ಅವನಿಗಿರಲಿಲ್ಲ.

ಗೇಟಿನಲ್ಲಿ ಇಡೀ ಸ್ಟಾಫು ಸಾಲಾಗಿ ನಿಂತಿತ್ತು. ಉಸ್ಸಪ್ಪ ಬಾಣದಂತೆ ಒಳಗೆ ಬಂದ. ಕ್ಯಾಷಿಯರು ಜನ್ಮದಲ್ಲೇ ಮೊದಲ ಸಲ ಜಿಗಿದ. ಸೈಕಲ್ ಕ್ರೋಟನ್ ಬೇಲಿಯೊಳಗೆ ಅರ್ಧ ಹೊಕ್ಕು, ಮ್ಯಾನೇಜರ ಟೈಗೆ ಗೇಣು ದೂರದಲ್ಲಿ ನಿಂತಿತು.

ಮ್ಯಾನೇಜರು ಕದಲಲೇ ಇಲ್ಲ. "ನೋಡಿ, ಹಿಡಿತ ಅಂದ್ರೆ ಇದು" ಎಂದರು. "ಎಲ್ಲಿ ನಿಲ್ಲಬೇಕೋ ಅಲ್ಲಿಗೆ ಸರಿಯಾಗಿ ನಿಲ್ಲಿಸಿದ್ರು."

ಅಷ್ಟರಲ್ಲಿ ಗುರುಗಳ ದಂಡು ಏದುಸಿರು ಬಿಡುತ್ತ ಬಂದಿತು. ಏಪ್ರನ್ನಿನ ಬೇಕರಿಯವನು, ಮಸಿ ಕೈಯ ಪಂಕ್ಚರಿನವನು, ತಲೆಗೆಲ್ಲ ಹತ್ತಿ ಮೆತ್ತಿಕೊಂಡ ಹಾಸಿಗೆಯವನು. ನಿವೃತ್ತರಿಬ್ಬರು ಆಟೋದಲ್ಲಿ ಬಂದಿಳಿದರು.

"ಇವರೆಲ್ಲ ಯಾರು?" ಎಂದರು ಮ್ಯಾನೇಜರು.

ಪಂಕ್ಚರಿನವನು ಒಮ್ಮೆ ಉಸ್ಸಪ್ಪನ ಮುಖ ನೋಡಿದ. "ಫ್ರೆಂಡ್ಸು ಸಾರ್," ಎಂದ. "ಇವರು ನಮ್ಮ ಗಲ್ಲಿ ಮೇಲೆ ಹೋದ್ರೆ ನಮಗೆ ಹಬ್ಬ ಇದ್ದ ಹಾಗೆ."

ಉಸ್ಸಪ್ಪನಿಗೆ ಅವನನ್ನು ತಬ್ಬಿಕೊಳ್ಳೋಣ ಎನ್ನಿಸಿತು. ಮ್ಯಾನೇಜರ ಕಣ್ಣು ಒದ್ದೆಯಾಯಿತು. "ಕೇಳಿದ್ರಾ? ಇಷ್ಟು ದಿನ ಹೃದಯ, ಶ್ವಾಸಕೋಶ ಅಂತ ಮಾತ್ರ ಹೇಳ್ತಿದ್ದೆ. ಇದನ್ನ ಮರೆತಿದ್ದೆ. ಕಾರಲ್ಲಿ ಹೋಗೋನ ಹಿಂದೆ ಹೀಗೆ ಯಾರಾದ್ರೂ ಪ್ರೀತಿಯಿಂದ ಓಡಿ ಬರ್ತಾರಾ?"

ಅವರು ಜೇಬಿನಿಂದ ಆದೇಶ ತೆಗೆದರು. ಉಸ್ಸಪ್ಪ ಬೇಲಿಯಿಂದ ಹೊರಬಂದು, ಅಂಗಿಯ ಎಲೆ ಕೊಡವಿ, ನೆಟ್ಟಗೆ ನಿಂತ. ಮನಸ್ಸಿನಲ್ಲಿ ಆಗಲೇ ಬಿಸಿ ಊಟ ಮಾಡಿ ಕಣ್ಣು ಮುಚ್ಚಿಯಾಗಿತ್ತು.

"ನಿಮಗೊಂದು ಗುಟ್ಟು ಹೇಳ್ತೀನಿ," ಎಂದರು ಮ್ಯಾನೇಜರು, ಅವನ ಹೆಗಲ ಮೇಲೆ ಕೈಯಿಟ್ಟು. "ನಿಮ್ಮ ಮನೆ ಎದುರಿನ ಶಾಖೆಗೆ ನಿಮ್ಮನ್ನೇ ಹಾಕಬೇಕು ಅಂತ ನಾನು ಬಂದ ಮೊದಲ ವಾರದಲ್ಲೇ ತೀರ್ಮಾನ ಮಾಡಿದ್ದೆ. ಆದೇಶಕ್ಕೆ ಸಹಿಯೂ ಆಗಿತ್ತು. ಆಮೇಲೆ ನೀವು ಸೈಕಲ್ ತುಳೀತೀರಿ ಅಂತ ಗೊತ್ತಾಯ್ತು ನೋಡಿ, ಆ ಸಂಜೆಯೇ ಹರಿದು ಹಾಕ್ದೆ. ರಸ್ತೆ ದಾಟಿದ್ರೆ ಆಫೀಸು ಅಂದ್ರೆ ಸೈಕಲ್ ಯಾಕೆ ತೆಗೀತೀರಿ? ಇಂಥಾ ಹೃದಯಾನ ನನ್ನ ಕೈಯಾರೆ ಹಾಳು ಮಾಡ್ಲಾ? ಆ ಕುರ್ಚಿ ಕ್ಯಾಷಿಯರಿಗೆ ಹೋಗ್ಲಿ. ಪಾಪ, ಅವರ ಕೈಲಿ ನಡೆಯೋಕೂ ಆಗಲ್ಲ. ನಿಮ್ಮನ್ನ ಗುಡ್ಡದ ಮೇಲಿನ ಶಾಖೆಗೆ ಹಾಕಿದೀನಿ. ಇದಕ್ಕಿಂತ ಎರಡು ಪಟ್ಟು ದೂರ. ದಾರಿಯುದ್ದಕ್ಕೂ ಏರು. ಬಸ್ಸು ಅಲ್ಲಿಗೆ ಹೋಗೋದೇ ಇಲ್ಲ."

ಚಪ್ಪಾಳೆ ಬಿತ್ತು. ಬೇಕರಿಯವನು ಏನೆಂದು ತಿಳಿಯದೆ ಎಲ್ಲರಿಗಿಂತ ಜೋರಾಗಿ ತಟ್ಟಿದ. ಇನ್ನು ಉಳಿದಿರುವುದು ನಿಜವೊಂದೇ ಎಂದು ಉಸ್ಸಪ್ಪನಿಗೆ ಹೊಳೆಯಿತು. ಮ್ಯಾನೇಜರ ಎರಡೂ ಕೈ ಹಿಡಿದುಕೊಂಡ.

"ಸಾರ್, ದಮ್ಮಯ್ಯ, ನಿಜ ಹೇಳ್ತೀನಿ ಕೇಳಿ. ನನಗೆ ಸೈಕಲ್ ಹೊಡೆಯೋಕೇ ಬರಲ್ಲ ಸಾರ್."

ಮ್ಯಾನೇಜರು ಬೇಲಿಯಲ್ಲಿ ಸಿಕ್ಕಿಕೊಂಡಿದ್ದ ಸೈಕಲ್ ನೋಡಿದರು, ಅವನು ಹಾರಿಬಂದ ಇಳಿಜಾರು ನೋಡಿದರು, ಸ್ಟಾಫಿನ ಕಡೆ ತಿರುಗಿದರು.

"ನೋಡಿ ಇವರ ವಿನಯ," ಎಂದರು. "ಇದನ್ನ ನೀವೆಲ್ಲ ಕಲೀಬೇಕು."

ಮತ್ತೊಮ್ಮೆ ಚಪ್ಪಾಳೆ ಬಿತ್ತು.